ಕಾಗದ ವಿಂಗಡಿಸುವ ಮನೆಗೆ ಬೀಗ

ಪಕ್ಕದ ಬೀದಿಯ ಗೆಳೆಯನಿಗೆ ಬರೆದ ಕಾಗದವನ್ನು ಅಂಚೆ ಡಬ್ಬಿಗೆ ಹಾಕಿದರೆ ಅದು ಮೊದಲು ಎಲ್ಲಿಗೆ ಹೋಗುತ್ತದೆ? ತರಗತಿಯಲ್ಲಿ ಕೇಳಿದರೆ ಹೆಚ್ಚಿನ ಮಕ್ಕಳು 'ಪಕ್ಕದ ಬೀದಿಗೆ' ಎಂದೇ ಹೇಳುತ್ತಾರೆ. ನಿಜದಲ್ಲಿ ಅದು ದೂರದ ವಿಂಗಡಣಾ ಕೇಂದ್ರಕ್ಕೆ ಹೋಗಿ ಮರಳಿ ಬರಬೇಕಾಗಬಹುದು. ನಮ್ಮ ಹಿರಿಯರಿಗೆ ಆರ್.ಎಂ.ಎಸ್. ಎಂದರೆ ಇದು ಥಟ್ಟನೆ ಅರ್ಥವಾಗುತ್ತದೆ. ಅಮೆರಿಕದಲ್ಲಿ ಇಂಥ ಕೇಂದ್ರಗಳನ್ನು ಮುಚ್ಚಬಾರದೆಂದು ಅಂಚೆ ನೌಕರರ ಸಂಘ ವರ್ಷಗಟ್ಟಲೆ ಹೋರಾಡಿತು.

ಅಲ್ಲಿನ ಕೇಂದ್ರಗಳ ಕೆಲಸ ನೋಡುವಂಥದ್ದು. ಸಂಜೆ ಲಾರಿಗಳಲ್ಲಿ ಬಂದ ಲಕೋಟೆಗಳು ಅಡ್ಡಾದಿಡ್ಡಿಯಾಗಿರುತ್ತವೆ. ಅಂಚೆಚೀಟಿಗೆ ಬಳಿದ ಲೇಪನ ಅತಿನೇರಳೆ ಬೆಳಕಿನಲ್ಲಿ ಹೊಳೆಯುತ್ತದೆ. ಆ ಹೊಳಪನ್ನು ಗುರುತಿಸಿ ಯಂತ್ರ ಲಕೋಟೆಗಳನ್ನೆಲ್ಲ ಒಂದೇ ದಿಕ್ಕಿಗೆ ತಿರುಗಿಸುತ್ತದೆ. ವಿಳಾಸವನ್ನು ಓದಿದ ಬಳಿಕ ಅದನ್ನು 65 ಪುಟ್ಟ ಗೆರೆಗಳ ಸಂಕೇತವಾಗಿ ಲಕೋಟೆಯ ಮೇಲೆ ಮುದ್ರಿಸಲಾಗುತ್ತದೆ. ಮುಂದಿನ ಯಂತ್ರ ಗಂಟೆಗೆ 30 ಸಾವಿರಕ್ಕೂ ಹೆಚ್ಚು ಕಾಗದಗಳನ್ನು ವಿಂಗಡಿಸಿ, ಕೊನೆಗೆ ಪೋಸ್ಟ್‌ಮನ್ ಹೋಗುವ ಮನೆಗಳ ಕ್ರಮದಲ್ಲೇ ಜೋಡಿಸಿಕೊಡುತ್ತದೆ.

2011ರ ಸೆಪ್ಟೆಂಬರಿನಲ್ಲಿ ಅಂಚೆ ಆಡಳಿತ ಸುಮಾರು 250 ಕೇಂದ್ರಗಳನ್ನು ಮುಚ್ಚುವ ಇಲ್ಲವೇ ವಿಲೀನಗೊಳಿಸುವ ಪರಿಶೀಲನೆ ಆರಂಭಿಸಿತು. ಅದರ ಲೆಕ್ಕ ಸರಳ. ಸ್ಥಳೀಯ ಕಾಗದ ಮರುದಿನವೇ ತಲುಪಬೇಕಿದ್ದರೆ ಕೊನೆಯ ಹಂತದ ಯಂತ್ರಗಳಿಗೆ ರಾತ್ರಿಯ ಸುಮಾರು 6 ಗಂಟೆ ಮಾತ್ರ ಕೆಲಸ. ಮರುದಿನದ ಭರವಸೆಯನ್ನು ಕೈಬಿಟ್ಟರೆ ಅವೇ ಯಂತ್ರಗಳು 20 ಗಂಟೆ ಓಡಬಲ್ಲವು. ಆಗ ಕಡಿಮೆ ಯಂತ್ರ, ಕಡಿಮೆ ಕಟ್ಟಡ ಸಾಕು. ಈ ವಾದವನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. 2006ರಲ್ಲಿ 21,300 ಕೋಟಿಯಷ್ಟಿದ್ದ ಒಟ್ಟು ಟಪಾಲು 2011ಕ್ಕೆ 16,800 ಕೋಟಿಗೆ ಇಳಿದಿತ್ತು.

ಆದರೆ ನಷ್ಟಕ್ಕೆ ಇಮೇಲ್ ಒಂದೇ ಕಾರಣವಲ್ಲ ಎಂದು ಸಂಘ ಪಟ್ಟು ಹಿಡಿಯಿತು. 2006ರ ಕಾನೂನೊಂದು ನಿವೃತ್ತರ ಮುಂದಿನ ವೈದ್ಯಕೀಯ ವೆಚ್ಚಕ್ಕಾಗಿ ವರ್ಷಕ್ಕೆ ಸುಮಾರು 550 ಕೋಟಿ ಡಾಲರ್ ಮುಂಗಡವಾಗಿ ತೆಗೆದಿಡಬೇಕೆಂದು ವಿಧಿಸಿತ್ತು. ಆ ಹೊರೆ ಇಳಿಸದೆ ಕೇಂದ್ರಕ್ಕೆ ಬೀಗ ಹಾಕಿದರೆ ಕಾಗದ ತಡವಾಗುತ್ತದೆ, ನೌಕರ ಸಂಸಾರ ಕಟ್ಟಿಕೊಂಡು ದೂರದ ಊರಿಗೆ ಹೋಗಬೇಕಾಗುತ್ತದೆ ಎಂಬುದು ಅದರ ವಾದ. ಮುಷ್ಕರ ಹೂಡಲು ಅಲ್ಲಿನ ಅಂಚೆ ನೌಕರರಿಗೆ ಕಾನೂನಿನ ಅನುಮತಿಯಿಲ್ಲ. (1970ರಲ್ಲಿ ಅದನ್ನೂ ಮೀರಿ ಸುಮಾರು 2 ಲಕ್ಷ ಮಂದಿ ಕೆಲಸ ನಿಲ್ಲಿಸಿದಾಗ ಅಧ್ಯಕ್ಷ ನಿಕ್ಸನ್ ನ್ಯೂಯಾರ್ಕಿನ ಕಾಗದ ವಿಂಗಡಿಸಲು ಸೈನಿಕರನ್ನೇ ಕಳಿಸಿದ್ದರು!) ಹೀಗಾಗಿ 2011ರ ಸೆಪ್ಟೆಂಬರ್ 27ರಂದು ದೇಶದುದ್ದಕ್ಕೂ ಸಭೆ, ಮೆರವಣಿಗೆಗಳು ನಡೆದವು. ಆ ಡಿಸೆಂಬರಿನಲ್ಲಿ ಆಡಳಿತ ಐದು ತಿಂಗಳು ಸುಮ್ಮನಿರಲು ಒಪ್ಪಿತು.

ಗಡುವು ಮುಗಿಯಿತು. 2012 ಮತ್ತು 2013ರಲ್ಲಿ 141 ಕೇಂದ್ರಗಳು ವಿಲೀನವಾದವು. 2015ರ ಜನವರಿಯಲ್ಲಿ ಸ್ಥಳೀಯ ಕಾಗದದ 'ಮರುದಿನ' ಹೋಗಿ 'ಎರಡು ದಿನ' ಬಂತು. ಅದೇ ವರ್ಷ, ಇನ್ನೂ 82 ಕೇಂದ್ರಗಳ ಪಟ್ಟಿಯಲ್ಲಿ ಉಳಿದಿದ್ದವುಗಳ ವಿಲೀನವನ್ನು ಮುಂದೂಡಲಾಯಿತು.

ಮೇಷ್ಟ್ರಾದ ನನಗೆ ಕುತೂಹಲವಿದ್ದದ್ದು ಲೆಕ್ಕದ ತಾಳೆಯ ಬಗ್ಗೆ. ಅಂಚೆ ಆಡಳಿತದ ಸ್ವಂತ ತನಿಖಾಧಿಕಾರಿಯ ಕಚೇರಿ 2018ರಲ್ಲಿ ಇದನ್ನು ಪರೀಕ್ಷಿಸಿತು. ವೇಳಾಪಟ್ಟಿಯ ಬದಲಾವಣೆಯಿಂದ ಎರಡು ವರ್ಷಗಳಲ್ಲಿ 160 ಕೋಟಿ ಡಾಲರಿಗೂ ಹೆಚ್ಚು ಉಳಿಯಬೇಕಿತ್ತು. ಉಳಿದದ್ದು ಸುಮಾರು 9 ಕೋಟಿ. ಮುಂಗಡ ತೆಗೆದಿಡುವ ನಿಯಮವನ್ನು 2022ರಲ್ಲಿ ರದ್ದುಪಡಿಸಲಾಯಿತು. ಅಷ್ಟರಲ್ಲಿ ಆ 141 ಕೇಂದ್ರಗಳ ಕೆಲಸ ಬೇರೆಡೆಗೆ ಹೋಗಿ ಹತ್ತಿರ ಹತ್ತಿರ ಹತ್ತು ವರ್ಷಗಳಾಗಿದ್ದವು.