ಕಿಲೋಮೀಟರಿಗೆ 48 ಸೆಕೆಂಡು: ನಮ್ಮ ಅವಸರದ ಲೆಕ್ಕ

ಬೆಳಿಗ್ಗೆ ಏಳು ಗಂಟೆಯ ಹೊತ್ತಿಗೆ ನಮ್ಮ ಯಾವುದೇ ಮೊಹಲ್ಲಾದ ಮುಖ್ಯರಸ್ತೆಯಲ್ಲಿ ಸ್ವಲ್ಪ ನಿಂತು ನೋಡಿ. ತಲೆಗೆ ಟೊಪ್ಪಿ ಇಟ್ಟ ಹುಡುಗರು, ಶಿರವಸ್ತ್ರ ಹಾಕಿದ ಪುಟ್ಟ ಹೆಣ್ಣುಮಕ್ಕಳು ಕಿತಾಬಿನ ಚೀಲ ಹಿಡಿದು ಮದ್ರಸಕ್ಕೆ ಹೊರಟಿರುತ್ತಾರೆ. ರಸ್ತೆಯ ಬದಿಯಲ್ಲಿ ಫುಟ್‌ಪಾತ್ ಇಲ್ಲ. ಇದ್ದರೂ ಅದರ ಮೇಲೆ ಒಂದು ಸ್ಕೂಟರ್, ಒಂದು ಅಂಗಡಿಯ ಬೋರ್ಡು, ಜಲ್ಲಿಯ ರಾಶಿ. ಅದೇ ಹೊತ್ತಿಗೆ ಬಸ್ಸುಗಳ ಮೊದಲ ಟ್ರಿಪ್, ಶಾಲೆಯ ವ್ಯಾನು, ಮೀನಿನ ಟೆಂಪೊ, ಕೆಲಸಕ್ಕೆ ತಡವಾದವರ ಬೈಕು.

ಗೇಟಿನ ಹತ್ತಿರ ನಿಂತ ಉಮ್ಮಂದಿರು ದಿನಾ ಹೇಳುವ ಮಾತು ಒಂದೇ. "ಬದಿಯಲ್ಲೇ ಹೋಗು, ಓಡಬೇಡ, ಎರಡೂ ಕಡೆ ನೋಡು." ಎಚ್ಚರಿಕೆಯೆಲ್ಲ ಏಳು ವರ್ಷದ ಮಗುವಿಗೆ. ಸ್ಟಿಯರಿಂಗ್ ಹಿಡಿದವನಿಗೆ, ಆಕ್ಸಿಲರೇಟರ್ ತಿರುಗಿಸುವವನಿಗೆ ಹೀಗೆ ದಿನಾ ಹೇಳುವವರು ಯಾರು?

ಈ ಪ್ರಶ್ನೆ ಈಗ ಜಗತ್ತಿನ ಅನೇಕ ನಗರಗಳಲ್ಲಿ ದೊಡ್ಡ ಚರ್ಚೆಯಾಗಿದೆ. ಜನ ನಡೆಯುವ, ಮಕ್ಕಳು ದಾಟುವ ಬೀದಿಗಳಲ್ಲಿ ವಾಹನದ ವೇಗವನ್ನು ಗಂಟೆಗೆ 30 ಕಿಲೋಮೀಟರಿಗೆ ಇಳಿಸಬೇಕು ಎಂಬುದು ಬೇಡಿಕೆ. 2020ರ ಫೆಬ್ರವರಿಯಲ್ಲಿ ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ ನಡೆದ ಜಾಗತಿಕ ರಸ್ತೆ ಸುರಕ್ಷತಾ ಸಮಾವೇಶದ ಘೋಷಣೆಯಲ್ಲೂ ಇದೇ ಮಾತು ಉಂಟು. "30 ಅಂದ್ರೆ ಸೈಕಲ್ ಸ್ಪೀಡ್ ಮಾರಾಯ್ರೆ, ಆಗುವ ಹೋಗುವ ಮಾತಾ?" ಎಂದು ನಮ್ಮಲ್ಲಿ ಹಲವರು ನಗಬಹುದು. ನಗುವ ಮೊದಲು ಒಂದು ಲೆಕ್ಕ ಹಾಕೋಣ.

ಉಳಿಯುವುದೆಷ್ಟು, ಕಳೆಯುವುದೆಷ್ಟು?

ಗಂಟೆಗೆ 50ರ ವೇಗದಲ್ಲಿ ಒಂದು ಕಿಲೋಮೀಟರ್ ಹೋಗಲು 72 ಸೆಕೆಂಡು ಬೇಕು. 30ರ ವೇಗದಲ್ಲಿ 120 ಸೆಕೆಂಡು. ವ್ಯತ್ಯಾಸ ಬರೇ 48 ಸೆಕೆಂಡು. ಮೊಹಲ್ಲಾ, ಶಾಲೆ, ಪೇಟೆ ದಾಟುವ ಮೂರು ಕಿಲೋಮೀಟರನ್ನು ನಿಧಾನ ಮಾಡಿದರೂ ತಡವಾಗುವುದು ಎರಡೂವರೆ ನಿಮಿಷಕ್ಕಿಂತ ಕಡಿಮೆ. ಅದೂ ದಾರಿಯುದ್ದಕ್ಕೂ ಒಂದೇ ಸಮನೆ 50ರಲ್ಲಿ ಹೋಗಲು ಸಾಧ್ಯವಾದರೆ ಮಾತ್ರ. ನಂತೂರಿನಲ್ಲೋ ಪಂಪ್‌ವೆಲ್‌ನಲ್ಲೋ ಜ್ಯಾಮ್‌ನಲ್ಲಿ ನಿಂತವರಿಗೆ ಗೊತ್ತು, ಹಿಂದಿನ ಬೀದಿಯಲ್ಲಿ ಹಾರಿಸಿಕೊಂಡು ಬಂದು ಉಳಿಸಿದ ಆ ಒಂದು ನಿಮಿಷ ಸಿಗ್ನಲ್ಲಿನಲ್ಲಿ ಕರಗಿ ಹೋಗುತ್ತದೆ.

ಇನ್ನು ಇನ್ನೊಂದು ಬದಿಯ ಲೆಕ್ಕ. ಮಗು ರಸ್ತೆಗೆ ಓಡಿ ಬಂತು ಅಂತ ಇಟ್ಟುಕೊಳ್ಳಿ. ಕಣ್ಣು ನೋಡಿ, ತಲೆಗೆ ಹೊಳೆದು, ಕಾಲು ಬ್ರೇಕಿನ ಮೇಲೆ ಬರಲು ಸುಮಾರು ಒಂದು ಸೆಕೆಂಡು ಬೇಕು. ಆ ಒಂದು ಸೆಕೆಂಡಿನಲ್ಲಿ 30ರ ವೇಗದ ಕಾರು ಎಂಟು ಮೀಟರ್ ಮುಂದೆ ಹೋಗಿರುತ್ತದೆ. ಒಣ ರಸ್ತೆಯಲ್ಲಿ, ಒಳ್ಳೆಯ ಬ್ರೇಕ್ ಇದ್ದರೆ ಒಟ್ಟು ಹದಿಮೂರು ಮೀಟರಿನ ಒಳಗೆ ಅದು ನಿಂತುಬಿಡುತ್ತದೆ. 50ರ ವೇಗದ ಕಾರು? ಆ ಒಂದು ಸೆಕೆಂಡಿನಲ್ಲೇ ಸುಮಾರು ಹದಿನಾಲ್ಕು ಮೀಟರ್ ಹೋಗಿರುತ್ತದೆ. ಅಂದರೆ ಮೊದಲ ಕಾರು ಪೂರ್ತಿ ನಿಂತ ಜಾಗದಲ್ಲಿ ಎರಡನೇ ಕಾರಿನ ಚಾಲಕ ಇನ್ನೂ ಬ್ರೇಕ್ ಒತ್ತಿಯೇ ಇರುವುದಿಲ್ಲ. ಮಗು ನಿಂತದ್ದು ಆ ಹದಿಮೂರನೇ ಮೀಟರಿನಲ್ಲಾದರೆ ಒಂದು ಕಾರು ಮುಟ್ಟುವುದೇ ಇಲ್ಲ, ಇನ್ನೊಂದು ಪೂರ್ತಿ ವೇಗದಲ್ಲಿ ಬಡಿಯುತ್ತದೆ. ನಮ್ಮ ಕರಾವಳಿಯ ಮಳೆಗಾಲದಲ್ಲಿ, ಜಾರುವ ರಸ್ತೆಯಲ್ಲಿ, ಸವೆದ ಟೈರಿನಲ್ಲಿ ಈ ಅಂತರ ಇನ್ನೂ ಹೆಚ್ಚು.

ಬಡಿಯುವ ಬಲವೂ ವೇಗದ ಲೆಕ್ಕದಲ್ಲಿ ಸುಮ್ಮನೆ ಏರುವುದಿಲ್ಲ. ವೇಗ ಎರಡು ಪಟ್ಟಾದರೆ ಪೆಟ್ಟಿನ ಶಕ್ತಿ ನಾಲ್ಕು ಪಟ್ಟು. ಸರಾಸರಿ ವೇಗ ಶೇ. 1ರಷ್ಟು ಏರಿದರೆ ಜೀವ ತೆಗೆಯುವ ಅಪಘಾತದ ಅಪಾಯ ಶೇ. 4ರಷ್ಟು ಏರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ನಮ್ಮ ದೇಶದ ಅಂಕಿ ಇನ್ನೂ ಕಟು. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಇದರಲ್ಲಿ ಶೇ. 70ಕ್ಕೂ ಹೆಚ್ಚು ಸಾವುಗಳಿಗೆ ಪೊಲೀಸರು ಬರೆದ ಕಾರಣ ಅತಿವೇಗ. ಸತ್ತವರಲ್ಲಿ ಹೆಚ್ಚಿನವರು ಕಾರಿನಲ್ಲಿ ಕುಳಿತವರಲ್ಲ. ಸುಮಾರು ನೂರಕ್ಕೆ 44 ಮಂದಿ ದ್ವಿಚಕ್ರ ವಾಹನದವರು, ಸುಮಾರು 20 ಮಂದಿ ನಡೆದು ಹೋಗುತ್ತಿದ್ದವರು. ನಮ್ಮ ಮನೆಗಳಿಂದ ದಿನಾ ರಸ್ತೆಗೆ ಇಳಿಯುವವರೂ ಹೆಚ್ಚಾಗಿ ಇವರೇ.

ಸಹಿ ಹಾಕಿ ವಿರೋಧಿಸಿದ ವೇಲ್ಸ್

ವೇಗ ಇಳಿಸಿದ ಕಡೆಗಳಲ್ಲೆಲ್ಲ ಜನ ಖುಷಿಯಿಂದ ಒಪ್ಪಿಕೊಂಡರು ಅಂತ ಭಾವಿಸಬೇಡಿ. ಬ್ರಿಟನ್ನಿನ ಭಾಗವಾದ ವೇಲ್ಸ್ 2023ರ ಸೆಪ್ಟೆಂಬರ್ 17ರಿಂದ ಜನವಸತಿಯ ರಸ್ತೆಗಳಲ್ಲಿ ಗಂಟೆಗೆ 30 ಮೈಲಿ ಇದ್ದ ಮಿತಿಯನ್ನು 20 ಮೈಲಿಗೆ ಇಳಿಸಿತು. ನಮ್ಮ ಲೆಕ್ಕದಲ್ಲಿ 48ರಿಂದ 32 ಕಿಲೋಮೀಟರಿಗೆ. ಕೂಡಲೇ ಗದ್ದಲ ಎದ್ದಿತು. ಸುಮಾರು 30 ಲಕ್ಷ ಜನರಿರುವ ಆ ನಾಡಿನ ಸಂಸತ್ತಿಗೆ ಹೋದ ವಿರೋಧ ಅರ್ಜಿಗೆ ನಾಲ್ಕೂವರೆ ಲಕ್ಷಕ್ಕೂ ಹೆಚ್ಚು ಸಹಿ ಬಿತ್ತು. ಸಮಯ ಹಾಳು, ವ್ಯಾಪಾರಕ್ಕೆ ಪೆಟ್ಟು, ಬಸ್ಸು ತಡ ಎಂಬುದೇ ಅಲ್ಲಿನ ದೂರು. ಕೇಳಿದರೆ ನಮ್ಮ ಊರಿನ ಮಾತಿನ ಹಾಗೆಯೇ ಇದೆ.

ಸರಕಾರ ಹಟ ಹಿಡಿಯಲಿಲ್ಲ. ಎಲ್ಲ ರಸ್ತೆಗೂ ಒಂದೇ ಅಳತೆ ಸರಿಯಾಗಲಿಲ್ಲ ಎಂದು ಒಪ್ಪಿ, ಕೆಲವು ರಸ್ತೆಗಳನ್ನು ಹಳೆಯ ಮಿತಿಗೆ ಮರಳಿಸಲು ಸ್ಥಳೀಯ ಆಡಳಿತಗಳಿಗೆ ಅವಕಾಶ ಕೊಟ್ಟಿತು. ಆದರೆ ನಿಯಮ ನಿಂತಿತು. ಮೊದಲ ವರ್ಷದಲ್ಲಿ ಅಂಥ ರಸ್ತೆಗಳಲ್ಲಿ ಸತ್ತವರ ಮತ್ತು ಗಾಯಗೊಂಡವರ ಒಟ್ಟು ಸಂಖ್ಯೆ ಹಿಂದಿನ ವರ್ಷಕ್ಕಿಂತ ಸುಮಾರು ಕಾಲು ಭಾಗ ಕಡಿಮೆಯಾಯಿತು.

ಫಿನ್ಲೆಂಡಿನ ರಾಜಧಾನಿ ಹೆಲ್ಸಿಂಕಿಯಲ್ಲಿ ಅರ್ಧಕ್ಕೂ ಹೆಚ್ಚು ಬೀದಿಗಳಲ್ಲಿ ಈಗ 30ರ ಮಿತಿ ಇದೆ. 2025ರ ಜುಲೈಗೆ ಕೊನೆಯಾದ ಹನ್ನೆರಡು ತಿಂಗಳಲ್ಲಿ, ಆರೂವರೆ ಲಕ್ಷಕ್ಕೂ ಹೆಚ್ಚು ಜನರಿರುವ ಆ ನಗರದ ರಸ್ತೆಗಳಲ್ಲಿ ಅಪಘಾತದಿಂದ ಒಬ್ಬರೂ ಸಾಯಲಿಲ್ಲ. ಇದು ಬೋರ್ಡು ನೆಟ್ಟು ಆದದ್ದಲ್ಲ. ರಸ್ತೆಯನ್ನು ಕಿರಿದು ಮಾಡಿದರು, ನಡೆಯುವವರಿಗೆ ದಾರಿ ಕೊಟ್ಟರು, ಕ್ಯಾಮೆರಾ ಇಟ್ಟರು, ಬಸ್ಸು ಟ್ರಾಮ್ ಸುಧಾರಿಸಿದರು. ಹಲವು ವರ್ಷ ಬಿಡದೆ ಮಾಡಿದರು.

ಅದೇ ಕಾಲು, ಅದೇ ಆಕ್ಸಿಲರೇಟರ್

"ಅವರದ್ದು ಬೇರೆ, ನಮ್ಮ ಜನ ಕೇಳುವವರಲ್ಲ" ಎನ್ನುವವರಿಗೆ ಯುರೋಪಿನ ಉದಾಹರಣೆ ಬೇಡ. ನಮ್ಮ ಮನೆಗಳಲ್ಲೇ ಉತ್ತರ ಉಂಟು. ನಮ್ಮಲ್ಲಿ ಗಲ್ಫಿನಲ್ಲಿ ಒಬ್ಬರಾದರೂ ಇಲ್ಲದ ಕುಟುಂಬ ಕಡಿಮೆ. ಅಲ್ಲಿ ಟ್ಯಾಕ್ಸಿ, ಟ್ರೇಲರ್, ಡೆಲಿವರಿ ವಾಹನ ಓಡಿಸುವವರು, ಸ್ವಂತ ಕಾರಿನಲ್ಲಿ ಕೆಲಸಕ್ಕೆ ಹೋಗುವವರು ನಮ್ಮವರೇ. ಅಬುಧಾಬಿಯಲ್ಲಿ ಮೊದಲು ಮಿತಿಗಿಂತ 20 ಕಿಲೋಮೀಟರ್ ಹೆಚ್ಚು ಹೋದರೂ ದಂಡ ಇರಲಿಲ್ಲ. 2018ರ ಆಗಸ್ಟ್ 12ರಿಂದ ಆ ರಿಯಾಯಿತಿ ತೆಗೆದರು. ಬೋರ್ಡಿನಲ್ಲಿ ಇದ್ದಷ್ಟೇ ವೇಗ, ದಾಟಿದರೆ ಕ್ಯಾಮೆರಾ ಹಿಡಿಯುತ್ತದೆ. ಯುಎಇಯಲ್ಲಿ ಜೀಬ್ರಾ ದಾಟುವವರಿಗೆ ದಾರಿ ಬಿಡದಿದ್ದರೆ 500 ದಿರ್ಹಮ್ ದಂಡ, ಮೇಲೆ ಆರು ಬ್ಲ್ಯಾಕ್ ಪಾಯಿಂಟ್. ಪಾಯಿಂಟ್ 24 ಆದರೆ ಲೈಸೆನ್ಸ್ ಅಮಾನತು, ಅಂದರೆ ಚಾಲಕನ ಹೊಟ್ಟೆಪಾಡಿಗೇ ಹೊಡೆತ.

ಅಲ್ಲಿ ಜೀಬ್ರಾ ಕಂಡ ಕೂಡಲೇ ಕಾಲು ತಾನಾಗಿ ಬ್ರೇಕಿಗೆ ಹೋಗುವ ಹುಡುಗನೇ ರಜೆಯಲ್ಲಿ ಊರಿಗೆ ಬಂದಾಗ ಗೆಳೆಯನ ಬೈಕಿನಲ್ಲಿ ಓಣಿಯಲ್ಲಿ 60ರಲ್ಲಿ ಹೋಗುತ್ತಾನೆ. ಕಾಲು ಅದೇ, ತಲೆಯೂ ಅದೇ. ಬದಲಾದದ್ದು ಸಿಕ್ಕಿಬೀಳುವ ಭಯ ಮಾತ್ರ. ಅಷ್ಟು ದೂರವೂ ಬೇಡ, ತಲಪಾಡಿ ದಾಟಿ ಕಾಸರಗೋಡು ಕಡೆ ಹೋಗುವಾಗ ಹೆಲ್ಮೆಟ್ ತಲೆಗೇರುವುದನ್ನು ನೋಡಿಲ್ಲವಾ? ಕೇರಳ 2023ರಲ್ಲಿ ರಸ್ತೆಗಳಲ್ಲಿ ನೂರಾರು ಕ್ಯಾಮೆರಾ ಇಟ್ಟಿತು. ಅದೇ ಜುಲೈ 1ರಿಂದ ದ್ವಿಚಕ್ರ ವಾಹನಗಳ ಗರಿಷ್ಠ ವೇಗವನ್ನು 70ರಿಂದ 60ಕ್ಕೆ ಇಳಿಸಿತು.

ಹಾಗಾದರೆ ನಮ್ಮಲ್ಲಿ ಕಾನೂನು ಇಲ್ಲವಾ? ಉಂಟು. ಆದರೆ ಸಡಿಲ. ಕೇಂದ್ರ ಸರಕಾರ 2018ರ ಏಪ್ರಿಲ್‌ನಲ್ಲಿ ಹೊರಡಿಸಿದ ಅಧಿಸೂಚನೆ ನಗರ ವ್ಯಾಪ್ತಿಯ ರಸ್ತೆಗಳಲ್ಲಿ ಕಾರಿಗೆ 70, ದ್ವಿಚಕ್ರಕ್ಕೆ 60 ಕಿಲೋಮೀಟರ್ ತನಕ ಗರಿಷ್ಠ ಮಿತಿ ಹಾಕಿತ್ತು. ಮಕ್ಕಳು ನಡೆಯುವ ಬೀದಿಗೆ ಇದು ಹೆಚ್ಚು. ಆದರೆ ಜನರ ಸುರಕ್ಷತೆಗಾಗಿ ಯಾವುದೇ ಪ್ರದೇಶದಲ್ಲಿ, ಯಾವುದೇ ರಸ್ತೆಯಲ್ಲಿ ಇದಕ್ಕಿಂತ ಕಡಿಮೆ ಮಿತಿ ಹಾಕುವ ಅಧಿಕಾರವನ್ನು ಮೋಟಾರು ವಾಹನ ಕಾಯ್ದೆಯ 112ನೇ ಕಲಮು ರಾಜ್ಯಕ್ಕೆ ಕೊಟ್ಟಿದೆ. ಹೊಸ ಕಾನೂನು ಬೇಡ, ಇದ್ದದ್ದನ್ನು ಬಳಸಿದರೆ ಸಾಕು.

ಬಸ್ಸಿನವರ ಮಾತೂ ಸುಳ್ಳಲ್ಲ

ವಿರೋಧಿಸುವವರ ಮಾತನ್ನು ತಳ್ಳಿಹಾಕುವ ಹಾಗಿಲ್ಲ. ಮಂಗಳೂರಿನ ಖಾಸಗಿ ಸಿಟಿ ಬಸ್ಸುಗಳ ಚಾಲಕರಲ್ಲಿ, ನಿರ್ವಾಹಕರಲ್ಲಿ ನಮ್ಮ ಹುಡುಗರೂ ಇದ್ದಾರೆ. ಅಲ್ಲಿ ಜೀವನ ನಡೆಯುವುದೇ ನಿಮಿಷದ ಮೇಲೆ. ಒಂದು ಬಸ್ಸಿಗೂ ಇನ್ನೊಂದಕ್ಕೂ ಕೆಲವೇ ನಿಮಿಷದ ಅಂತರ. ಹಿಂದಿನ ಬಸ್ಸು ಮುಂದೆ ಹೋಯಿತೋ, ಮುಂದಿನ ಸ್ಟಾಪಿನ ಪ್ರಯಾಣಿಕರೂ ಹೋದರು, ಆ ದಿನದ ಕಲೆಕ್ಷನ್ನೂ ಹೋಯಿತು. ಆ ಚಾಲಕನಿಗೆ "ನಿಧಾನ ಹೋಗು" ಎನ್ನುವುದು ಸುಲಭ. ಟೈಮಿಂಗ್ ಬದಲಿಸದೆ ವೇಗ ಮಾತ್ರ ಇಳಿಸು ಎಂದರೆ ಅವನ ಅನ್ನಕ್ಕೆ ಕೈ ಹಾಕಿದ ಹಾಗೆ. ಊಟ ತಲುಪಿಸುವ ಡೆಲಿವರಿ ಹುಡುಗರದ್ದೂ ಇದೇ ಕಥೆ. ಬಿರಿಯಾನಿ ಹತ್ತು ನಿಮಿಷ ತಡವಾದರೆ ಫೋನ್ ಮಾಡಿ ರೇಗುವವರು ನಾವೇ. ಆದ್ದರಿಂದ ವೇಗದ ಮಿತಿ ಇಳಿಯುವುದಾದರೆ ಬಸ್ಸಿನ ಟೈಮಿಂಗ್ ಪಟ್ಟಿಯೂ ಬದಲಾಗಬೇಕು. ಈ ಎರಡು ಒಟ್ಟಿಗೆ ಆಗಬೇಕು.

ಇನ್ನೊಂದು ಆಕ್ಷೇಪ: "ಮೊದಲು ಫುಟ್‌ಪಾತ್ ಮಾಡಿ, ಹೊಂಡ ಮುಚ್ಚಿ, ಆಮೇಲೆ ನಮಗೆ ಬುದ್ಧಿ ಹೇಳಿ." ಇದೂ ನ್ಯಾಯ. ಸ್ಮಾರ್ಟ್ ಸಿಟಿ ಕೆಲಸದಲ್ಲಿ ಮಂಗಳೂರಿನ ಅನೇಕ ರಸ್ತೆಗಳು ಕಾಂಕ್ರೀಟ್ ಆದವು. ಹೊಂಡ ಹೋಯಿತು, ಒಳ್ಳೆಯದಾಯಿತು. ಆದರೆ ನುಣುಪಾದ ಅಗಲ ರಸ್ತೆ ಕಂಡರೆ ವಾಹನ ತಾನಾಗಿ ಓಡುತ್ತದೆ. ಹೊಂಡ ಇದ್ದಾಗ ಹೊಂಡವೇ ಹಿಡಿದು ನಿಲ್ಲಿಸುತ್ತಿತ್ತು. ಈಗ ಹಿಡಿಯಲು ಏನೂ ಇಲ್ಲ.

ಆಂಬುಲೆನ್ಸ್ ವಿಷಯ ಎತ್ತುವವರೂ ಇದ್ದಾರೆ. ತುರ್ತು ವಾಹನಗಳಿಗೆ ನಿಯಮದಲ್ಲೇ ವಿನಾಯಿತಿ ಇದೆ. ಆ ಚಿಂತೆ ಬೇಡ.

ಜಮಾಅತ್ ಮಾಡಬಹುದಾದದ್ದು

ಒಂದು ಅಪಘಾತವಾದ ಮರುದಿನ ನಮ್ಮಲ್ಲಿ ಆಗುವುದು ಒಂದೇ. ಸಿಟ್ಟಿಗೆದ್ದ ಜನ ಸೇರಿ ಒಂದು ಹಂಪ್ ಹಾಕಿಸುತ್ತಾರೆ. ಎತ್ತರ ಎಷ್ಟು, ಅಗಲ ಎಷ್ಟು ಯಾರಿಗೂ ಗೊತ್ತಿಲ್ಲ. ಬಣ್ಣ ಇಲ್ಲ, ಬೋರ್ಡು ಇಲ್ಲ. ರಾತ್ರಿ ಮಳೆಯಲ್ಲಿ ಬಂದ ಬೈಕಿನವ ಅದಕ್ಕೆ ಹಾರಿ ಬೀಳುತ್ತಾನೆ. ಹಿಂದೆ ಕುಳಿತ ಗರ್ಭಿಣಿಯ ಪಾಡು ಕೇಳುವುದೇ ಬೇಡ. ಹಂಪಿಗೂ ಒಂದು ಅಳತೆ ಉಂಟು. ಭಾರತೀಯ ರಸ್ತೆ ಕಾಂಗ್ರೆಸ್ ಹೇಳುವ ಪ್ರಕಾರ ಅಗಲ 3.7 ಮೀಟರ್, ನಡುವೆ ಎತ್ತರ 10 ಸೆಂಟಿಮೀಟರ್, ಮೇಲ್ಮೈ ದುಂಡಗೆ. ಅದರ ಮೇಲೆ 25ರ ವೇಗದಲ್ಲಿ ಯಾರೂ ಎಗರದೆ ದಾಟಬಹುದು, 50ರಲ್ಲಿ ದಾಟಲು ಧೈರ್ಯ ಬರುವುದಿಲ್ಲ.

ಹಾಗಾಗಿ ಜನ ಸೇರಿ ಸಿಮೆಂಟ್ ಸುರಿಯುವ ಬದಲು ಜನ ಸೇರಿ ಅರ್ಜಿ ಬರೆಯೋಣ. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿ ಇರುತ್ತದೆ. ಮದ್ರಸ, ಶಾಲೆ, ಮಸೀದಿ, ಆಸ್ಪತ್ರೆ ಇರುವ ನಮ್ಮ ರಸ್ತೆಯ ಇಷ್ಟು ಉದ್ದಕ್ಕೆ 30ರ ಮಿತಿ ಬೇಕು, ಅಳತೆಯ ಹಂಪ್ ಬೇಕು, ಜೀಬ್ರಾ ಬೇಕು, ಬೆಳಿಗ್ಗೆ ಒಂದು ಗಂಟೆ ಪೊಲೀಸರು ಬೇಕು ಎಂದು ನಿರ್ದಿಷ್ಟವಾಗಿ ಕೇಳಬೇಕು. ಇದು ಒಂದು ಸಮುದಾಯದ ಬೇಡಿಕೆಯೂ ಅಲ್ಲ. ಅದೇ ರಸ್ತೆಯಲ್ಲಿ ಪಕ್ಕದ ಮನೆಯವರ ಮಕ್ಕಳೂ ಶಾಲೆಗೆ ಹೋಗುತ್ತಾರೆ, ಅವರ ಸಹಿಯೂ ಇರಲಿ.

ಅದಕ್ಕಿಂತ ಮೊದಲು ಮನೆಯೊಳಗಿನ ಒಂದು ಕೆಲಸ ಉಂಟು. ಹದಿನಾರರ ಮೋನುವಿಗೆ ಬೈಕಿನ ಕೀ ಕೊಟ್ಟು, "ಅಂಗಡಿಗೆ ಹೋಗಿ ಬಾ" ಎಂದು ಕಳಿಸುವುದು ಎಷ್ಟೋ ಮನೆಯಲ್ಲಿ ಮಾಮೂಲು. ಉಪ್ಪ ಗಲ್ಫಿನಲ್ಲಿ, ಮನೆಯಲ್ಲಿ ಬೇರೆ ಗಂಡಸಿಲ್ಲ, ಉಮ್ಮನಿಗೂ ಬೇರೆ ದಾರಿ ಇಲ್ಲ, ನಿಜ. ಆದರೆ 2019ರ ತಿದ್ದುಪಡಿಯ ನಂತರ ಕಾನೂನು ಕಠಿಣವಾಗಿದೆ. ಅಪ್ರಾಪ್ತರು ವಾಹನ ಓಡಿಸಿ ಅಪರಾಧವಾದರೆ ಹೆತ್ತವರು ಅಥವಾ ವಾಹನದ ಮಾಲಕರಿಗೆ ಮೂರು ವರ್ಷದ ತನಕ ಜೈಲು, 25,000 ರೂಪಾಯಿ ದಂಡ. ವಾಹನದ ನೋಂದಣಿ ಒಂದು ವರ್ಷಕ್ಕೆ ರದ್ದು. ಆ ಹುಡುಗನಿಗೆ 25 ವರ್ಷ ತುಂಬುವ ತನಕ ಲೈಸೆನ್ಸ್ ಇಲ್ಲ. ನಾಳೆ ಗಲ್ಫಿಗೆ ಡ್ರೈವರಾಗಿ ಹೋಗುವ ಆಸೆ ಇದ್ದರೆ ಅದೂ ಅಲ್ಲಿಗೇ ನಿಂತಿತು.

ರಮಝಾನಿನಲ್ಲಿ ಇಫ್ತಾರಿಗೆ ಹತ್ತು ನಿಮಿಷ ಇರುವಾಗ ನಮ್ಮ ರಸ್ತೆಗಳನ್ನು ನೆನಪಿಸಿಕೊಳ್ಳಿ. ಪ್ರತಿಯೊಬ್ಬರಿಗೂ ಮನೆ ಸೇರುವ ಅವಸರ. ಖರ್ಜೂರ ಬಾಯಿಗಿಡುವ ಹೊತ್ತಿಗೆ ಎಲ್ಲರೂ ತಲುಪಿರಬೇಕು ಎಂಬುದೇ ಮನೆಯವರ ಆಸೆ. ಬಾಂಗ್ ಆದ ಮೇಲೆ ಒಂದೆರಡು ನಿಮಿಷ ತಡವಾಗಿ ಬಂದವನಿಗೆ ಉಮ್ಮ ಬೈಯುವುದಿಲ್ಲ, ತಟ್ಟೆ ಮುಚ್ಚಿ ಇಟ್ಟು ಕಾಯುತ್ತಾಳೆ. ಕಿಲೋಮೀಟರಿಗೆ 48 ಸೆಕೆಂಡು. ಅಷ್ಟು ಕಾಯಲು ಯಾವ ಮನೆಯಲ್ಲೂ ತೊಂದರೆ ಇಲ್ಲ.