ಕಾಡಿನ ಅಂಚಿನ ಮಂದಿರಕ್ಕೆ ತಂಪು ಮತ್ತು ಬೆಳಕು

ಅರಣ್ಯಗಳನ್ನೂ ರಾಷ್ಟ್ರೀಯ ಉದ್ಯಾನಗಳನ್ನೂ ನೋಡಲು ಬರುವವರಿಗಾಗಿ ಅವುಗಳ ಅಂಚಿನಲ್ಲಿ ಸಂದರ್ಶಕ ಮಂದಿರಗಳನ್ನು ಕಟ್ಟುವುದು ಇಂದು ಅನೇಕ ದೇಶಗಳಲ್ಲಿ ರೂಢಿಯಾಗಿದೆ. ಕಾಡನ್ನು ಹೊಗುವ ಮುನ್ನ ಜನರು ಅಲ್ಲಿ ಕೊಂಚ ವಿಶ್ರಮಿಸಿ, ಭೂಪಟಗಳನ್ನೂ ಚಿತ್ರಗಳನ್ನೂ ನೋಡಿ, ತಾವು ಕಾಣಲಿರುವ ಗಿಡಮರಗಳ, ಪ್ರಾಣಿಪಕ್ಷಿಗಳ ಪರಿಚಯ ಮಾಡಿಕೊಳ್ಳುತ್ತಾರೆ. ಉದ್ದೇಶವೇನೋ ಒಳ್ಳೆಯದೇ. ಆದರೆ ಊರಿನ ಕಟ್ಟಡಗಳಿಗಿಲ್ಲದ ಒಂದು ತೊಡಕು ಈ ಕಟ್ಟಡಕ್ಕಿದೆ: ಯಾವ ಕಾಡನ್ನು ತೋರಿಸಲೆಂದು ಅದನ್ನು ಕಟ್ಟುವರೋ ಆ ಕಾಡನ್ನೇ ಅದು ಕೆಡಿಸಬಲ್ಲದು. ಅದಕ್ಕೆ ವಿದ್ಯುತ್ತು ಬೇಕು. ತಂತಿಗಳನ್ನು ಎಳೆಯಲು ಮರಗಳನ್ನು ಕಡಿಯಬೇಕು, ಇಲ್ಲವೆ ಎಣ್ಣೆಯ ಯಂತ್ರವನ್ನು ಹಗಲಿರುಳು ನಡೆಸಬೇಕು. ರಾತ್ರಿ ದೀಪಗಳು ಉರಿದರೆ ಇರುಳಿನ ಜೀವಿಗಳು ದಿಕ್ಕುಗೆಡುತ್ತವೆ.

ಆದುದರಿಂದ ಇಂಥ ಮಂದಿರವನ್ನು ಯೋಜಿಸುವ ವಾಸ್ತುಶಿಲ್ಪಿಯ ಮುಂದೆ ಎರಡು ಪ್ರಶ್ನೆಗಳು ನಿಲ್ಲುತ್ತವೆ. ಅತ್ಯಲ್ಪ ವಿದ್ಯುತ್ತಿನಿಂದ ಜನರಿಗೆ ಹಿತವಾದ ಹವೆಯನ್ನು ಒದಗಿಸುವುದು ಹೇಗೆ? ಹಗಲಿನಲ್ಲಿ ಸಾಕಷ್ಟು ಬೆಳಕನ್ನು ಒಳಕ್ಕೆ ತಂದು, ಇರುಳಿನಲ್ಲಿ ಬೆಳಕನ್ನು ಹೊರಕ್ಕೆ ಚೆಲ್ಲದಿರುವುದು ಹೇಗೆ? ಎರಡಕ್ಕೂ ಉತ್ತರವಿರುವುದು ಭೌತಶಾಸ್ತ್ರದಲ್ಲಿ. ಅದೂ ನಮ್ಮ ವಿದ್ಯಾರ್ಥಿಗಳು ತರಗತಿಯಲ್ಲಿ ಓದುವ ಭೌತಶಾಸ್ತ್ರದಲ್ಲಿಯೇ.

ಜಯಾನ್ ಕಣಿವೆಯ ಮಂದಿರ

ಅಮೆರಿಕ ಸಂಯುಕ್ತ ಸಂಸ್ಥಾನದ ಯೂಟಾ ಪ್ರಾಂತದ ನೈಋತ್ಯ ಮೂಲೆಯಲ್ಲಿ ಜಯಾನ್ ರಾಷ್ಟ್ರೀಯ ಉದ್ಯಾನವಿದೆ. ವರ್ಜಿನ್ ನದಿಯು ಕೆಂಪು ಮರಳುಗಲ್ಲನ್ನು ಕೊರೆದು ಮಾಡಿದ ಆಳವಾದ ಕಣಿವೆ ಅದು. ನದಿಯ ದಡದಲ್ಲಿ ಕಾಟನ್‌ವುಡ್ ಮರಗಳ ಸಾಲು; ಮೇಲಿನ ಪ್ರಸ್ಥಭೂಮಿಯಲ್ಲಿ ಪೈನ್ ಮತ್ತು ಜೂನಿಪರ್ ಕಾಡು. ಬೇಸಗೆಯ ಹಗಲಿನಲ್ಲಿ ಉಷ್ಣತೆ ೩೮ ಡಿಗ್ರಿ ಸೆಂಟಿಗ್ರೇಡನ್ನು ಮೀರುವುದು ಅಲ್ಲಿ ಸಾಮಾನ್ಯ. ಚಳಿಗಾಲದ ರಾತ್ರಿ ನೀರು ಹೆಪ್ಪುಗಟ್ಟುತ್ತದೆ. ಇಂಥ ಸ್ಥಳದಲ್ಲಿ ೨೦೦೦ನೆಯ ಇಸವಿಯಲ್ಲಿ ಒಂದು ಸಂದರ್ಶಕ ಮಂದಿರವು ತೆರೆಯಿತು. ಅದರ ಯೋಜನೆಯಲ್ಲಿ ಆ ದೇಶದ ರಾಷ್ಟ್ರೀಯ ನವೀಕರಣೀಯ ಶಕ್ತಿ ಪ್ರಯೋಗಾಲಯದ ವಿಜ್ಞಾನಿಗಳೂ ಭಾಗವಹಿಸಿದ್ದರು.

ಅವರು ಮೊದಲು ಮಾಡಿದ ಕೆಲಸ ಕಟ್ಟಡವನ್ನು ಚಿಕ್ಕದಾಗಿಸಿದುದು. ಪ್ರದರ್ಶನದ ಹಲವು ಭಾಗಗಳನ್ನು ಹೊರಗೆ, ನೆರಳಿನ ಅಂಗಳಕ್ಕೆ ಸಾಗಿಸಿದರು. ಕಟ್ಟದೆ ಉಳಿದ ಕೋಣೆಯನ್ನು ತಂಪುಗೊಳಿಸುವ ಅಗತ್ಯವೂ ಇಲ್ಲ, ಬೆಳಗಿಸುವ ಅಗತ್ಯವೂ ಇಲ್ಲವಷ್ಟೆ!

ಗೋಪುರದಿಂದ ಇಳಿಯುವ ಗಾಳಿ

ಮಂದಿರದ ತಂಪಿಗಾಗಿ ಎತ್ತರದ ಗೋಪುರಗಳನ್ನು ಕಟ್ಟಿದರು. ಗೋಪುರದ ನೆತ್ತಿಯಲ್ಲಿ ಒದ್ದೆಯಾದ ಮೆತ್ತೆಗಳಿದ್ದುವು. ಹೊರಗಿನ ಬಿಸಿಗಾಳಿ ಅವುಗಳ ಮೂಲಕ ಹಾದಾಗ ನೀರು ಆವಿಯಾಗಿ, ಅದಕ್ಕೆ ಬೇಕಾದ ಶಾಖವನ್ನು ಆ ಗಾಳಿಯಿಂದಲೇ ಹೀರುತ್ತಿತ್ತು. ನಮ್ಮ ಮನೆಗಳ ಮಣ್ಣಿನ ಹೂಜಿಯಲ್ಲಿಯೂ ಬಾಗಿಲಿಗೆ ಕಟ್ಟುವ ಲಾವಂಚದ ತಟ್ಟಿಯಲ್ಲಿಯೂ ನಡೆಯುವುದು ಇದೇ ಕ್ರಿಯೆ.

ಇದರ ಲೆಕ್ಕವು ಸುಲಭ. ಒಂದು ಕಿಲೋಗ್ರಾಂ ಗಾಳಿಯ ಉಷ್ಣತೆಯನ್ನು ೧೦ ಡಿಗ್ರಿ ಇಳಿಸಬೇಕಾದರೆ ಅದರಿಂದ ಸುಮಾರು ೨೪೦೦ ಕೆಲೊರಿ ಶಾಖವನ್ನು ತೆಗೆಯಬೇಕು. ಒಂದು ಗ್ರಾಂ ನೀರು ಆವಿಯಾಗುವಾಗ ಸುಮಾರು ೫೮೦ ಕೆಲೊರಿಗಳನ್ನು ಹೀರುತ್ತದೆ. ಎಂದರೆ ನಾಲ್ಕು ಗ್ರಾಮಿಗಿಂತ ಸ್ವಲ್ಪ ಹೆಚ್ಚು ನೀರು ಸಾಕು.

ಹೀಗೆ ತಣಿದ ಗಾಳಿಯನ್ನು ಕೆಳಕ್ಕೆ ತರಲು ಬೀಸಣಿಗೆಯೇ ಬೇಕಾಗಲಿಲ್ಲ. ೩೮ ಡಿಗ್ರಿಯ ಗಾಳಿ ೨೨ ಡಿಗ್ರಿಗೆ ಇಳಿದರೆ ಅದರ ಸಾಂದ್ರತೆ ನೂರಕ್ಕೆ ಐದರಷ್ಟು ಹೆಚ್ಚುತ್ತದೆ. ನೀರಾವಿಯು ಗಾಳಿಗಿಂತ ಹಗುರವೆಂಬುದು ನಿಜ. ಆದರೆ ಇಲ್ಲಿ ಬೆರೆತ ಆವಿಯ ಪ್ರಮಾಣ ಅತ್ಯಲ್ಪವಾದುದರಿಂದ ತಂಪಿನ ಪರಿಣಾಮವೇ ಮೇಲಾಗುತ್ತದೆ. ಭಾರವಾದ ಗಾಳಿ ತಾನಾಗಿಯೇ ಗೋಪುರದೊಳಗೆ ಇಳಿದು ಕೋಣೆಯನ್ನು ತುಂಬುತ್ತದೆ. ಕೋಣೆಯ ಬಿಸಿಗಾಳಿ ಮೇಲಿನ ಕಿಟಕಿಗಳಿಂದ ಹೊರಹೋಗುತ್ತದೆ. ಭೂಮಿಯ ಗುರುತ್ವಾಕರ್ಷಣೆಯೇ ಇಲ್ಲಿ ಬೀಸಣಿಗೆ.

ಬಿಸಿಲನ್ನು ಕೂಡಿಡುವ ಗೋಡೆ

ಚಳಿಗಾಲಕ್ಕೆ ಬೇರೆ ಉಪಾಯ. ದಕ್ಷಿಣದ ಗೋಡೆಯ ಒಂದು ಭಾಗಕ್ಕೆ ಕಪ್ಪು ಲೇಪನ ಕೊಟ್ಟು, ಅದರ ಮುಂದೆ ಸ್ವಲ್ಪ ಎಡೆಬಿಟ್ಟು ಗಾಜನ್ನು ನಿಲ್ಲಿಸಿದರು. ಇದಕ್ಕೆ ಟ್ರೋಂಬ್ ಗೋಡೆ ಎಂದು ಹೆಸರು. ೧೮೮೧ರಲ್ಲಿಯೇ ಎಡ್ವರ್ಡ್ ಮೋರ್ಸ್ ಎಂಬ ಅಮೆರಿಕನನು ಇಂಥದೊಂದು ರಚನೆಗೆ ಹಕ್ಕುಪತ್ರ ಪಡೆದಿದ್ದನು. ೧೯೬೦ರ ದಶಕದಲ್ಲಿ ಅದನ್ನು ಫ್ರಾನ್ಸಿನಲ್ಲಿ ಬಳಕೆಗೆ ತಂದ ಫೆಲಿಕ್ಸ್ ಟ್ರೋಂಬನ ಹೆಸರು ಅದಕ್ಕೆ ನಿಂತಿತು. ಸೂರ್ಯನ ಕಿರಣಗಳು ಗಾಜನ್ನು ಸುಲಭವಾಗಿ ಹಾಯುತ್ತವೆ. ಕಾದ ಗೋಡೆ ಹೊರಸೂಸುವ ಶಾಖಕಿರಣಗಳಾದರೋ ಬಹು ದೀರ್ಘತರಂಗಗಳು. ಅವುಗಳನ್ನು ಗಾಜು ಹಾಯಗೊಡದು. ದಪ್ಪ ಗೋಡೆಯಲ್ಲಿ ಶಾಖವು ಮೆಲ್ಲಮೆಲ್ಲನೆ ಒಳಕ್ಕೆ ಹರಿದು, ಹಲವು ಗಂಟೆಗಳ ನಂತರ, ಚಳಿ ಏರುವ ಹೊತ್ತಿಗೆ, ಕೋಣೆಯನ್ನು ಮುಟ್ಟುತ್ತದೆ.

ಇದೇ ಗೋಡೆ ಬೇಸಗೆಯಲ್ಲಿ ಒಲೆಯಾಗಬಾರದಷ್ಟೆ. ಅದಕ್ಕಾಗಿ ಮುಂಚಾಚಿದ ಸೂರು ಇದೆ. ಜಯಾನಿನ ಅಕ್ಷಾಂಶ ಸುಮಾರು ೩೭ ಡಿಗ್ರಿ. ಅಲ್ಲಿ ಜೂನ್ ೨೧ರ ಆಸುಪಾಸಿನ ನಡುಹಗಲಲ್ಲಿ ಸೂರ್ಯನು ದಿಗಂತದಿಂದ ೭೬ ಡಿಗ್ರಿ ಎತ್ತರದಲ್ಲಿರುತ್ತಾನೆ. ಡಿಸೆಂಬರಿನಲ್ಲಿ ಕೇವಲ ೨೯ ಡಿಗ್ರಿ. ೬೦ ಸೆಂಟಿಮೀಟರ್ ಚಾಚಿದ ಸೂರಿನ ನೆರಳು ಜೂನಿನಲ್ಲಿ ಗೋಡೆಯ ಮೇಲೆ ೨೪೦ ಸೆಂಟಿಮೀಟರ್ ಕೆಳಗಿನವರೆಗೆ ಬೀಳುತ್ತದೆ; ಡಿಸೆಂಬರಿನಲ್ಲಿ ಸುಮಾರು ೩೩ ಸೆಂಟಿಮೀಟರ್ ಮಾತ್ರ. ತ್ರಿಕೋಣಮಿತಿಯ ಕೋಷ್ಟಕವಿದ್ದರೆ ಯಾರಾದರೂ ಇದನ್ನು ಪರೀಕ್ಷಿಸಿ ನೋಡಬಹುದು.

ಹಗಲಿನ ಬೆಳಕು

ಓದುವುದಕ್ಕೆ ೩೦೦ರಿಂದ ೫೦೦ ಲಕ್ಸ್ ಬೆಳಕು ಸಾಕು. ನೇರ ಬಿಸಿಲು ಸುಮಾರು ೧,೦೦,೦೦೦ ಲಕ್ಸ್. ಮೋಡ ಮುಸುಕಿದ ಹಗಲಿನಲ್ಲಿಯೂ ಬಯಲಲ್ಲಿ ೧೦,೦೦೦ ಲಕ್ಸ್ ದೊರೆಯಬಹುದು. ಇಷ್ಟು ಸಂಪತ್ತು ಹೊರಗಿರುವಾಗ ಒಳಗೆ ದೀಪವೇಕೆ? ಜಯಾನಿನಲ್ಲಿ ಛಾವಣಿಯ ಕೆಳಗೆ, ಗೋಡೆಗಳ ಮೇಲಂಚಿನಲ್ಲಿ ಕಿಟಕಿಗಳನ್ನಿಟ್ಟು ಬೆಳಕು ಕೋಣೆಯ ಒಳಭಾಗವನ್ನೂ ಮುಟ್ಟುವಂತೆ ಮಾಡಿದರು. ದೀಪದ ವಿದ್ಯುತ್ತೆಲ್ಲವೂ ಕೊನೆಗೆ ಶಾಖವಾಗಿಯೇ ಕೋಣೆಯಲ್ಲಿ ಉಳಿಯುವುದರಿಂದ, ಬೇಸಗೆಯಲ್ಲಿ ಒಂದು ದೀಪವನ್ನು ಆರಿಸಿದರೆ ಉಳಿತಾಯವು ಇಮ್ಮಡಿ: ದೀಪದ ವಿದ್ಯುತ್ತೂ ಉಳಿಯಿತು, ಆ ಶಾಖವನ್ನು ಹೊರದೂಡುವ ಶ್ರಮವೂ ಉಳಿಯಿತು.

ಇವೆಲ್ಲವುಗಳ ಫಲವಾಗಿ ಆ ಮಂದಿರದ ವಿದ್ಯುತ್ತಿನ ಬಳಕೆ ಸಾಮಾನ್ಯ ಕಟ್ಟಡದ ಬಳಕೆಯ ಅರ್ಧಕ್ಕಿಂತಲೂ ಕೆಳಗಿಳಿಯಿತು. ಹೀಗೆ ಇಳಿದ ಮೇಲಷ್ಟೇ ೭.೨ ಕಿಲೋವಾಟ್ ಶಕ್ತಿಯ ಸೌರಫಲಕಗಳನ್ನು ಛಾವಣಿಯ ಮೇಲಿಟ್ಟುದು ಸಾರ್ಥಕವಾಯಿತು. ಮೊದಲು ಬೇಡಿಕೆಯನ್ನು ತಗ್ಗಿಸಿ ಅನಂತರ ಪೂರೈಕೆಯನ್ನು ಯೋಚಿಸುವ ಈ ಕ್ರಮವು ಗಮನಾರ್ಹವಾದುದು.

ಇರುಳಿನ ಲೆಕ್ಕ

ಇನ್ನು ರಾತ್ರಿಯ ವಿಷಯ. ಸಂದರ್ಶಕ ಮಂದಿರದ ಹೊರಗೆ, ಸುಮಾರು ೧೦ ವಾಟಿನ, ೧೦೦೦ ಲ್ಯೂಮೆನ್ ಬೆಳಕಿನ ಒಂದೇ ಒಂದು ಎಲ್.ಇ.ಡಿ. ದೀಪವನ್ನು ಮರೆಯಿಲ್ಲದೆ ತೂಗುಹಾಕಿದೆವೆಂದುಕೊಳ್ಳೋಣ. ಅದರ ಬೆಳಕು ಎಲ್ಲ ದಿಕ್ಕಿಗೂ ಸಮನಾಗಿ ಹರಡಿದರೆ ೧೦ ಮೀಟರ್ ದೂರದಲ್ಲಿ ೦.೮ ಲಕ್ಸ್ ಬೆಳಕು ಬೀಳುತ್ತದೆ. ಇದು ಅತ್ಯಲ್ಪವೆಂದು ನಮಗೆ ತೋರುವುದು ಸಹಜ. ಆದರೆ ಹುಣ್ಣಿಮೆಯ ಬೆಳಕೇ ಸುಮಾರು ೦.೨೫ ಲಕ್ಸ್! ದೂರದ ವರ್ಗಕ್ಕೆ ವಿಲೋಮವಾಗಿ ಬೆಳಕು ಕುಗ್ಗುವ ನಿಯಮದಂತೆ, ಈ ಪುಟ್ಟ ದೀಪವು ಸುತ್ತಲೂ ೧೮ ಮೀಟರಿನವರೆಗೆ ಹುಣ್ಣಿಮೆಯನ್ನು ಮೀರಿಸುತ್ತದೆ. ಅಮಾವಾಸ್ಯೆಯ ಕತ್ತಲೆಗೆ ಹೊಂದಿಕೊಂಡ ಜೀವಿಗಳ ಪಾಲಿಗೆ ಇದು ಮುಗಿಯದ ಹುಣ್ಣಿಮೆ.

ಹಾರುವ ಕೀಟಗಳು ಬೆಳಕು ಬರುವ ಕಡೆಗೆ ಬೆನ್ನನ್ನು ತಿರುಗಿಸಿ ಮೇಲು ಕೆಳಗುಗಳನ್ನು ತಿಳಿಯುತ್ತವೆ. ಸಹಜವಾದ ಇರುಳಿನಲ್ಲಿ ಬೆಳಕಿರುವುದು ಆಕಾಶದಲ್ಲಿ. ಆದುದರಿಂದ ಅವು ತಪ್ಪುವುದಿಲ್ಲ. ಪಕ್ಕದಲ್ಲಿ ದೀಪವಿದ್ದರೆ ಅದಕ್ಕೇ ಬೆನ್ನು ಮಾಡಿ ವಾಲಿ, ಅದರ ಸುತ್ತ ತಿರುಗುತ್ತ ಬಳಲುತ್ತವೆ. ಅತಿವೇಗದ ಕ್ಯಾಮೆರಾಗಳಿಂದ ಕಂಡುಕೊಂಡ ಈ ಸಂಗತಿ ೨೦೨೪ರಲ್ಲಿ ಪ್ರಕಟವಾಯಿತು. ಮಿಂಚುಹುಳುಗಳ ಪಾಡಂತೂ ಹೇಳತೀರದು. ಬೆಳಕಿನ ಸಂಜ್ಞೆಯಿಂದಲೇ ಜೊತೆಗಾರರನ್ನು ಅರಸುವ ಅವುಗಳಿಗೆ ನಮ್ಮ ದೀಪದೆದುರು ಪರಸ್ಪರ ಕಾಣುವುದೇ ದುಸ್ತರ.

ಬಣ್ಣವೂ ಮುಖ್ಯ. ಗಾಳಿಯ ಅಣುಗಳಿಂದ ಬೆಳಕು ಚದರುವ ಪ್ರಮಾಣವು ತರಂಗದೂರದ ನಾಲ್ಕನೆಯ ಘಾತಕ್ಕೆ ವಿಲೋಮವಾಗಿದೆ. ಆದುದರಿಂದ ೪೫೦ ನ್ಯಾನೊಮೀಟರಿನ ನೀಲಿ ಬೆಳಕು ೫೯೦ ನ್ಯಾನೊಮೀಟರಿನ ಹಳದಿ ಬೆಳಕಿಗಿಂತ ಮೂರು ಪಟ್ಟು ಹೆಚ್ಚು ಚದರುತ್ತದೆ. ಆಗಸವನ್ನು ಹಗಲಲ್ಲಿ ನೀಲಿಯಾಗಿಸುವ ನಿಯಮವೇ ಇರುಳಲ್ಲಿ ಬಿಳಿದೀಪದ ಬೆಳಕನ್ನು ಆಕಾಶಕ್ಕೆ ಬಳಿಯುತ್ತದೆ. ಇದರಿಂದ ಸಿದ್ಧಿಸುವ ಸೂತ್ರಗಳು ಇವು: ದೀಪಕ್ಕೆ ಮೇಲಿನಿಂದ ಮುಚ್ಚಳವಿರಲಿ, ಅದು ಮೊಣಕಾಲೆತ್ತರದಲ್ಲಿ ದಾರಿಯನ್ನಷ್ಟೇ ಬೆಳಗಲಿ, ಬಣ್ಣ ಹೊಂಬಣ್ಣವಾಗಿರಲಿ, ಜನರಿಲ್ಲದಾಗ ಆರಿರಲಿ. ಜಯಾನ್ ಉದ್ಯಾನವು ೨೦೨೧ರಲ್ಲಿ ಅಂತರರಾಷ್ಟ್ರೀಯ ಕಗ್ಗತ್ತಲ ಆಗಸದ ಉದ್ಯಾನವೆಂಬ ಮನ್ನಣೆಯನ್ನು ಪಡೆಯಿತು.

ನಮ್ಮ ಕಾಡುಗಳಲ್ಲಿ

ಹಾಗಾದರೆ ಜಯಾನಿನ ಮಂದಿರವನ್ನು ಯಥಾವತ್ತಾಗಿ ಆಗುಂಬೆಯಲ್ಲಿ ಕಟ್ಟಬಹುದೆ? ಕಟ್ಟಿದರೆ ಅದು ಕೆಲಸ ಮಾಡದು. ೩೮ ಡಿಗ್ರಿಯ ಗಾಳಿಯಲ್ಲಿ ಸಾಪೇಕ್ಷ ಆರ್ದ್ರತೆ ನೂರಕ್ಕೆ ೧೫ ಇದ್ದರೆ ಒದ್ದೆಬಟ್ಟೆಯ ಉಷ್ಣಮಾಪಕವು ಸುಮಾರು ೨೦ ಡಿಗ್ರಿಗೆ ಇಳಿಯುತ್ತದೆ. ಗೋಪುರಕ್ಕೆ ಅಷ್ಟು ಅವಕಾಶವುಂಟು. ಮಳೆಗಾಲದ ಆಗುಂಬೆಯಲ್ಲಿ ಗಾಳಿ ೨೬ ಡಿಗ್ರಿಯದಾಗಿ ಆರ್ದ್ರತೆ ನೂರಕ್ಕೆ ೯೦ ಇದ್ದರೆ ಇಳಿತವು ಒಂದೂವರೆ ಡಿಗ್ರಿಯನ್ನೂ ಮುಟ್ಟದು. ಅಲ್ಲಿ ಬೇಕಾದುದು ಗಾಳಿಯ ಸಂಚಾರ, ಕಡಿದಾದ ಹೆಂಚಿನ ಮಾಡು, ಅಗಲವಾದ ಸೂರು, ಮೇಲಿನಿಂದ ಬೆಳಕು. ಮಲೆನಾಡಿನ ತೊಟ್ಟಿಯ ಮನೆಗಳು ಬಹುಕಾಲದಿಂದ ಅರಿತಿರುವ ವಿಷಯವಿದು. ಬಿಸಿಲನ್ನು ಕೂಡಿಡುವ ಗೋಡೆಯಂತೂ ಅಲ್ಲಿ ಅನವಶ್ಯಕ. ಏಪ್ರಿಲಿನ ಕೊನೆಯಿಂದ ಆಗಸ್ಟಿನ ನಡುವಿನವರೆಗೆ ನಡುಹಗಲ ಸೂರ್ಯನು ಅಲ್ಲಿ ನೆತ್ತಿಯ ಉತ್ತರಕ್ಕಿರುವುದರಿಂದ ಸೂರು ಉತ್ತರಕ್ಕೂ ಬೇಕು. ಬಳ್ಳಾರಿ ಸೀಮೆಯ ದರೋಜಿ ಕರಡಿಧಾಮದಂಥ ಒಣ ಕುರುಚಲು ಕಾಡಿನಲ್ಲಿಯಾದರೆ, ನೀರಿನ ಅನುಕೂಲವಿರುವಲ್ಲಿ, ಬೇಸಗೆಗೆ ಗೋಪುರವು ನಿಜವಾಗಿಯೂ ಒದಗೀತು.

ಆದುದರಿಂದ ದೂರದೇಶದಿಂದ ನಾವು ಪಡೆಯಬೇಕಾದುದು ಕಟ್ಟಡದ ನಕ್ಷೆಯನ್ನಲ್ಲ, ಅದರ ಹಿಂದಿನ ವಿಚಾರಕ್ರಮವನ್ನು. ಇರುಳಿನ ಸೂತ್ರಗಳು ಮಾತ್ರ ಎಲ್ಲ ಕಾಡುಗಳಿಗೂ ಸಮಾನ. ಆಸಕ್ತರಾದ ವಿದ್ಯಾರ್ಥಿಗಳು ಮುಂದಿನ ಅರಣ್ಯಪ್ರವಾಸಕ್ಕೆ ಎರಡು ಉಷ್ಣಮಾಪಕಗಳನ್ನು ಒಯ್ಯಲಿ. ಒಂದರ ಬುಡಕ್ಕೆ ಒದ್ದೆಬಟ್ಟೆಯನ್ನು ಸುತ್ತಿ, ನೆರಳಿನಲ್ಲಿ ಗಾಳಿಯಾಡುವಂತೆ ಬೀಸಿ, ಎರಡರ ಅಂತರವನ್ನು ಬರೆದಿಟ್ಟುಕೊಳ್ಳಲಿ. ಕತ್ತಲಾದ ಮೇಲೆ, ತಂಗುದಾಣದ ಅಂಗಳದಲ್ಲಿಯೇ ನಿಂತು, ಅಲ್ಲಿಯ ದೀಪದ ಬೆಳಕು ಎಷ್ಟು ಹೆಜ್ಜೆಯವರೆಗೆ ತಮ್ಮ ನೆರಳನ್ನು ಮೂಡಿಸುವುದೆಂಬುದನ್ನು ಅಳೆಯಲಿ. ಆ ಸ್ಥಳದಲ್ಲಿ ಎಂಥ ಮಂದಿರವಿರಬೇಕು, ಎಷ್ಟು ದೀಪಗಳಿರಬೇಕು ಎಂಬ ವಿಚಾರವನ್ನು ಈ ಎರಡು ಅಂಕೆಗಳಿಂದಲೇ ಆರಂಭಿಸಬಹುದು.