ಊರು ಬಿಟ್ಟವರ ಬಾಗಿಲು

ಆಲೂರು ತಾಲ್ಲೂಕಿನ ಮಗ್ಗೆಯ ಆಸುಪಾಸಿನಲ್ಲಿ ಹೊತ್ತು ಮುಳುಗಿದ ಮೇಲೆ ಮನೆಯಿಂದ ಹೊರಗೆ ಕಾಲಿಡಬೇಕಾದವರು ಮೊದಲು ವಿಚಾರಿಸುವುದು ಆನೆಯ ಸಂಗತಿಯನ್ನು. ಹಿಂಡು ಯಾವ ತೋಟದಲ್ಲಿ ಬೀಡುಬಿಟ್ಟಿದೆ, ಬೆಳಗಿನ ಜಾವ ಯಾರ ಗದ್ದೆಯ ಬದುವನ್ನು ತುಳಿದು ದಾಟಿತು, ಒಂಟಿ ಸಲಗ ಹೇಮಾವತಿಯ ಹಿನ್ನೀರಿನ ಕಡೆಗೆ ಇಳಿಯಿತೋ ಸಕಲೇಶಪುರದ ಕಡೆಗೆ ಏರಿತೋ ಎಂಬ ವಾರ್ತೆಯು ಅರಣ್ಯ ಇಲಾಖೆಯ ಸಂದೇಶವಾಗಿ, ವಾಟ್ಸಾಪ್ ಗುಂಪಿನ ಧ್ವನಿಯಾಗಿ, ಬಸ್ಸಿನಿಂದ ಇಳಿದವರ ಬಾಯ ಮಾತಾಗಿ ಮನೆಯಿಂದ ಮನೆಗೆ ಹಬ್ಬುತ್ತದೆ. ಆನೆಗಳಿಗೂ ಈ ಸೀಮೆಯಲ್ಲಿ ಹೆಸರುಗಳುಂಟು. ಭೀಮ ಬಂದಿದ್ದಾನೆ, ಬೀಟಮ್ಮನ ಗುಂಪು ಬಂದಿದೆ ಎಂದರೆ ಯಾವ ಪ್ರಮಾಣದ ಎಚ್ಚರಿಕೆ ಅವಶ್ಯಕವೆಂಬುದು ಕೇಳಿದವರಿಗೆ ತಾನಾಗಿಯೇ ತಿಳಿಯುತ್ತದೆ. ಪ್ರಾಣಾಪಾಯವು ಸದಾ ಸಮೀಪದಲ್ಲಿರುವ ಒಂದು ಪ್ರದೇಶದ ಜನರು, ಆ ಭಯವನ್ನು ಒಬ್ಬೊಬ್ಬರೇ ಹೊರದೆ ಎಲ್ಲರೂ ಕೂಡಿ ಹೊರುವುದಕ್ಕೆ ಕಂಡುಕೊಂಡಿರುವ ಉಪಾಯವಿದು.

ಇದೇ ಜನರ ಮಕ್ಕಳು ಉದ್ಯೋಗನಿಮಿತ್ತವಾಗಿ ಬೆಂಗಳೂರಿಗೆ ಹೊರಟಾಗ ಮನೆಯಲ್ಲಿ ಹುಟ್ಟುವ ಭಯವು ಬೇರೊಂದು ಜಾತಿಯದು. ಕುಣಿಗಲ್ ಮಾರ್ಗದ ರೈಲು 2017ರಲ್ಲಿ ಆರಂಭವಾದಂದಿನಿಂದ ಹಾಸನಕ್ಕೂ ರಾಜಧಾನಿಗೂ ನಡುವಣ ದಾರಿ ಸುಗಮವಾಗಿದೆ. ಪೀಣ್ಯ, ದಾಸರಹಳ್ಳಿ, ನೆಲಮಂಗಲಗಳ ಬಾಡಿಗೆ ಮನೆಗಳಲ್ಲಿ ನಮ್ಮ ಜಿಲ್ಲೆಯ ಮಾತು ಈಗ ಅಪರೂಪವಲ್ಲ. ಆದರೂ ಅಕ್ಕಿಯ ಮೂಟೆ, ಕಾಫಿಪುಡಿ, ಕಾಳುಮೆಣಸಿನ ಗಂಟುಗಳ ಜೊತೆಯಲ್ಲಿ ತಾಯಿಯಾದವಳು ಕಟ್ಟಿಕೊಡುವ ಬುದ್ಧಿವಾದ ಒಂದೇ: "ಬಾಗ್ಲು ಹಾಕ್ಕೊಂಡೇ ಇರು ಮಗಾ, ಯಾರು ಕರೆದ್ರೂ ನೋಡ್ದೆ ತೆಗೀಬೇಡ." ಕತ್ತಲೆಯಲ್ಲಿ ಆನೆಯ ಲದ್ದಿಯ ಬಿಸಿ ನೋಡಿ ಹಿಂಡಿನ ದೂರವನ್ನು ಅಂದಾಜು ಮಾಡಬಲ್ಲ ತರುಣನು, ಮೂರನೆಯ ಮಹಡಿಯ ಮನೆಯೊಳಗೆ ಕುಳಿತು, ಮೆಟ್ಟಿಲ ಮೇಲಿನ ಹೆಜ್ಜೆಯ ಸದ್ದು ಯಾರದೆಂದು ಅರಿಯಲಾರದೆ ಕಳವಳಪಡುತ್ತಾನೆ. ಈ ಕಳವಳವನ್ನು ಹೇಡಿತನವೆಂದು ತಳ್ಳಿಹಾಕುವುದು ಅನ್ಯಾಯವಾದೀತು. ಭಯಕ್ಕೆ ಅಲ್ಲಿಯೂ ಕಾರಣವಿದೆ. ಇಲ್ಲದಿರುವುದು ಭಯದ ಸುದ್ದಿಯನ್ನು ಪರಸ್ಪರ ತಲಪಿಸುವ ಬಳಕೆ.

ಹಳ್ಳಿಯಲ್ಲಿ ಕಳವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಮಾರ್ಗಶಿರ ಮಾಸದಿಂದ ಶಿವರಾತ್ರಿಯವರೆಗೆ, ಮೊದಲು ಅರೇಬಿಕಾ ಅನಂತರ ರೋಬಸ್ಟಾ, ಕಣದ ತುಂಬ ಹಣ್ಣು ಹರಡಿರುವಾಗ, ಟಾರ್ಪಾಲಿನ ಪಕ್ಕದಲ್ಲಿ ಕಂಬಳಿ ಹೊದ್ದು ಬೆಂಕಿಯ ಮುಂದೆ ರಾತ್ರಿ ಕಳೆಯುವ ಕಾವಲು ಮಲೆನಾಡಿಗೆ ಹೊಸದಲ್ಲ. ಮದ್ರಾಸು ಪ್ರಾಂತದ ಸರ್ಕಾರವು 1878ರಷ್ಟು ಹಿಂದೆಯೇ ಕಾಫಿಯ ಕಳವನ್ನು ತಡೆಯುವುದಕ್ಕೆಂದೇ ಪ್ರತ್ಯೇಕ ಕಾಯಿದೆಯೊಂದನ್ನು ಮಾಡಬೇಕಾಯಿತೆಂದರೆ, ಆ ಬೆಳೆಯಷ್ಟೇ ಅದರ ಕಳವೂ ಹಳೆಯದೆಂಬುದು ವಿದಿತವಾಗುತ್ತದೆ. 2025ರ ಆರಂಭದಲ್ಲಿ ಕಾಫಿಯ ಬೆಲೆ ಹಿಂದೆಂದೂ ಕಾಣದ ಎತ್ತರಕ್ಕೆ ಏರಿದಾಗ ಬೆಳೆಗಾರರ ಸಂತೋಷದ ಜೊತೆಯಲ್ಲಿಯೇ ಕಣದ ಚಿಂತೆಯೂ ಏರಿತು. ಆದರೆ ಆ ಕಾವಲಿನ ಸ್ವರೂಪವನ್ನು ಗಮನಿಸಬೇಕು: ಕಣ ಕಾಯುವವನ ಕೈಯ ಟಾರ್ಚಿಗಿಂತಲೂ ಅವನಿಗೆ ಆ ದಾರಿಯಲ್ಲಿ ಓಡಾಡುವ ಪ್ರತಿಯೊಬ್ಬರ ಮುಖ, ನಡಿಗೆ, ಕೆಮ್ಮು ಪರಿಚಿತವಾಗಿರುವುದೇ ದೊಡ್ಡ ಆಯುಧ.

ಪರಿಚಯವನ್ನೇ ಆಧಾರವಾಗಿಟ್ಟುಕೊಂಡ ಈ ರಕ್ಷಣಾಕ್ರಮಕ್ಕೆ ಒಂದು ಕಾಲದಲ್ಲಿ ಅಧಿಕೃತ ಸ್ಥಾನವೂ ಇದ್ದಿತು. ಊರಿಗೆ ಬಂದವರಾರು, ಹೋದವರಾರು, ಯಾರ ಹಟ್ಟಿಯ ಹೋರಿ ಕಾಣೆಯಾಗಿದೆ ಎಂಬುದನ್ನೆಲ್ಲ ಅರಿತಿರಬೇಕಾದದ್ದು ತಳವಾರನ ಧರ್ಮ. ಅವನಿಗೆ ಸಹಾಯಕನಾಗಿ ತೋಟಿ. ಮೈಸೂರು ರಾಜ್ಯವು 1961ರಲ್ಲಿ ಅಂಗೀಕರಿಸಿದ ಗ್ರಾಮಾಧಿಕಾರ ರದ್ದಿಯಾತಿ ಕಾಯಿದೆಯು 1963ರ ಫೆಬ್ರವರಿ 1ರಂದು ಜಾರಿಗೆ ಬಂದು, ವಂಶಪಾರಂಪರ್ಯವಾದ ಈ ಹುದ್ದೆಗಳು ಕೊನೆಗೊಂಡವು. ಹುಟ್ಟಿನ ಕಾರಣಕ್ಕೆ ಒಬ್ಬನನ್ನು ಕೆಲಸಕ್ಕೆ ಕಟ್ಟಿಹಾಕುವ ಪದ್ಧತಿ ಅಳಿದದ್ದು ಯುಕ್ತವೇ ಸರಿ. ಅದಕ್ಕಾಗಿ ಮರುಗುವವನು ನಾನಲ್ಲ. ಆದರೆ ಬೆಂಗಳೂರಿಗೆ ಪೊಲೀಸ್ ಕಮಿಷನರ್ ಆಡಳಿತ ಬಂದದ್ದು ಅದೇ 1963ರಲ್ಲಿ ಎಂಬುದನ್ನು ನೆನೆದಾಗ, ಮುಖ ಬಲ್ಲ ಕಾವಲುಗಾರನು ಹಳ್ಳಿಯಿಂದ ನಿರ್ಗಮಿಸಿದ ವರ್ಷವೂ ಮುಖ ಅರಿಯದ ಮಹಾನಗರವು ತನಗೆ ತಕ್ಕ ದೊಡ್ಡ ವ್ಯವಸ್ಥೆಯನ್ನು ಕಟ್ಟಿಕೊಂಡ ವರ್ಷವೂ ಒಂದೇ ಆದದ್ದು ನನ್ನ ಮನಸ್ಸನ್ನು ತಟ್ಟುತ್ತದೆ.

ಮಹಾನಗರದ ಭಯಕ್ಕೆ ಒಂದು ಇತಿಹಾಸವುಂಟು. 1990ರ ದಶಕದಲ್ಲಿ ಬೆಂಗಳೂರಿನ ಹೊರವಲಯದ ಒಂಟಿ ಮನೆಗಳಲ್ಲಿ ನಡೆದ ಕೊಲೆ, ಸುಲಿಗೆಗಳ ಸಂಬಂಧದಲ್ಲಿ ದಂಡುಪಾಳ್ಯದ ಗುಂಪಿನ ಹೆಸರು ಹಬ್ಬಿ, ಕುಡಿಯಲು ನೀರು ಕೇಳುವ ನೆಪದಲ್ಲಿ ಬಾಗಿಲು ತೆಗೆಸುತ್ತಾರೆಂಬ ವರದಿಗಳು ಮನೆಮನೆಯನ್ನೂ ತಲಪಿದವು. ಆ ಸುದ್ದಿಯಿಂದಾದ ಹಾನಿಗಳಲ್ಲಿ ಲೆಕ್ಕಕ್ಕೆ ಸಿಗದ ಒಂದೆಂದರೆ, ಬಾಯಾರಿ ಬಂದವರಿಗೆ ಬೆಲ್ಲ ನೀರು ಕೊಟ್ಟು ಜಗುಲಿಯಲ್ಲಿ ಕೂರಿಸುವ ಸಂಪ್ರದಾಯದಲ್ಲಿ ಬೆಳೆದ ನಮ್ಮಂಥವರೂ, ನಗರದ ಬಾಗಿಲಲ್ಲಿ ನಿಂತ ಅಪರಿಚಿತನಿಗೆ ಒಂದು ಲೋಟ ನೀರು ಕೊಡಲು ಹಿಂಜರಿಯುವಂತಾದದ್ದು. ಅದೇ ದಶಕದಲ್ಲಿ, ರಾತ್ರಿ ಬಂದು ಬಾಗಿಲು ಬಡಿಯುವ ಮೋಹಿನಿಯೊಬ್ಬಳ ವದಂತಿಗೆ ಅಂಜಿ ಜನರು ಗೋಡೆಗಳ ಮೇಲೆ 'ನಾಳೆ ಬಾ' ಎಂದು ಬರೆದುಕೊಂಡದ್ದೂ ಉಂಟು. ಆ ಬರಹದಿಂದ ಯಾರಿಗೂ ಕೇಡಾಗಲಿಲ್ಲ. ಆದರೆ 2012ರ ಆಗಸ್ಟಿನಲ್ಲಿ ಗಾಳಿಸುದ್ದಿಯೊಂದಕ್ಕೆ ಬೆದರಿ ಈಶಾನ್ಯ ರಾಜ್ಯಗಳ ಸಹಸ್ರಾರು ಜನರು ಬೆಂಗಳೂರಿನ ರೈಲುನಿಲ್ದಾಣಕ್ಕೆ ಧಾವಿಸಿ ಊರು ತೊರೆದರು. 2018ರ ಮೇ ತಿಂಗಳಲ್ಲಿ, ಮಕ್ಕಳ ಕಳ್ಳನೆಂಬ ವಾಟ್ಸಾಪ್ ವದಂತಿಯನ್ನು ನಂಬಿದ ಗುಂಪೊಂದು ಚಾಮರಾಜಪೇಟೆಯಲ್ಲಿ ಕೆಲಸವನ್ನರಸಿ ಬಂದಿದ್ದ ರಾಜಸ್ಥಾನದ ತರುಣನೊಬ್ಬನನ್ನು ಹೊಡೆದು ಕೊಂದಿತು. ಆತನೂ ಹೊಸ ಊರಿಗೆ ಬಂದವನೇ. ಮಗ್ಗೆಯಿಂದ ಹೋದ ನಮ್ಮ ಹುಡುಗನು ಬೀದಿಯನ್ನು ಶಂಕಿಸುವ ಹೊತ್ತಿನಲ್ಲಿಯೇ ಬೀದಿಯೂ ಅವನನ್ನು ಶಂಕಿಸುತ್ತಿರುತ್ತದೆ ಎಂಬುದನ್ನು, ಹಾಗೆಯೇ ನಮ್ಮ ತೋಟದ ಲೈನ್ ಮನೆಗಳಿಗೆ ಅಸ್ಸಾಮಿನಿಂದ ಬಂದು ಇಳಿದಿರುವ ಕೂಲಿಯವನ ಎದೆಯಲ್ಲಿಯೂ ಇಂಥದೇ ಅಳುಕು ಇದ್ದೀತೆಂಬುದನ್ನು, ನಾವು ಮರೆಯಬಾರದು.

ವದಂತಿಯನ್ನು ಬದಿಗಿರಿಸಿ ವಾಸ್ತವಕ್ಕೆ ಬಂದರೆ, ಮನೆಗಳ್ಳನು ಸಾಮಾನ್ಯವಾಗಿ ಬಯಸುವುದು ಮನುಷ್ಯರನ್ನಲ್ಲ, ಮನುಷ್ಯರಿಲ್ಲದಿರುವುದನ್ನು. ಶೂದ್ರಕನ ಮೃಚ್ಛಕಟಿಕದಲ್ಲಿ ಚಾರುದತ್ತನ ಮನೆಯ ಗೋಡೆಗೆ ಕನ್ನ ಕೊರೆಯುವ ಶರ್ವಿಲಕನು ಒಳಗೆ ಮಲಗಿದವರು ನಿಜವಾಗಿ ನಿದ್ರಿಸುತ್ತಿರುವರೇ ಎಂದು ದೀಪ ಹಿಡಿದು ಪರೀಕ್ಷಿಸುತ್ತಾನೆ. ಇಂದಿನವನಿಗೆ ಅಷ್ಟು ಶ್ರಮವಿಲ್ಲ, ಹಗಲಿನಲ್ಲಿ ಬೀದಿಯುದ್ದಕ್ಕೆ ಒಮ್ಮೆ ನಡೆದರೆ ಸಾಕು. ನೆರೆಯ ಮನೆಗಳ ಮುಂದೆ ಹಸಿ ರಂಗೋಲಿ ಇದ್ದು ಒಂದು ಮನೆಯ ಮುಂದೆ ಮಾತ್ರ ಮೊನ್ನೆಯ ಎಳೆಗಳು ಅರ್ಧ ಅಳಿಸಿ ಧೂಳು ಕೂತಿರುವುದು, ಗೇಟಿಗೆ ಸಿಕ್ಕಿಸಿದ ಪತ್ರಿಕೆಗಳು ಒಂದರ ಮೇಲೊಂದು ಸೇರಿರುವುದು, ಹೊಸ್ತಿಲ ಬಳಿಯ ಬುಟ್ಟಿಯಲ್ಲಿ ಹಾಲಿನ ಪ್ಯಾಕೆಟ್ಟು ಬಿಸಿಲಿಗೆ ಉಬ್ಬಿರುವುದು, ಹಗಲಿನಲ್ಲಿಯೂ ವರಾಂಡದ ದೀಪ ಉರಿಯುತ್ತಿರುವುದು, ಎಲ್ಲಕ್ಕಿಂತ ಮಿಗಿಲಾಗಿ ಚಿಲಕದಿಂದ ಬೀಗವೊಂದು ಹೊರಗೆ ತೂಗುತ್ತಿರುವುದು: ಇವಿಷ್ಟೂ ಮನೆಯಲ್ಲಿ ಯಾರೂ ಇಲ್ಲವೆಂದು ಸಾರುತ್ತವೆ. ಆದುದರಿಂದ ಬಾಗಿಲೊಳಗೇ ಅಡಗುವ ಬೀಗವು ತೂಗುಬೀಗಕ್ಕಿಂತ ಲೇಸು. ಊರಿಗೆ ಹೊರಡುವ ಮುನ್ನ ಹಾಲು, ಪತ್ರಿಕೆಗಳನ್ನು ನಿಲ್ಲಿಸುವುದು ಲೇಸು. ಪಕ್ಕದ ಮನೆಯ ಗೃಹಿಣಿಯು ತನ್ನ ಅಂಗಳದೊಡನೆ ನಮ್ಮ ಬಾಗಿಲ ಮುಂದೆಯೂ ಎರಡು ಎಳೆ ಹಾಕಿದರಂತೂ, ಅದಕ್ಕೆ ಸಮನಾದ ರಕ್ಷಣೆಯನ್ನು ನಾನು ಕಾಣೆ. ಹಬ್ಬಕ್ಕೆ ಹೊರಟ ಫೋಟೋವನ್ನು ಬಸ್ಸು ಹತ್ತುವ ಮೊದಲೇ ಫೇಸ್‌ಬುಕ್ಕಿನಲ್ಲಿ ಹಾಕುವುದನ್ನು ತಡೆದುಕೊಳ್ಳಬೇಕೆಂದು ಬೇರೆ ಹೇಳಬೇಕಾಗಿಲ್ಲ.

ಕಿಟಕಿಯ ಕಬ್ಬಿಣದ ಜಾಲರಿಯ ವಿಷಯದಲ್ಲಿ ಒಂದು ಮಾತು. ಬಾಲ್ಕನಿಯನ್ನೆಲ್ಲ ಪಂಜರದಂತೆ ಬೆಸೆದು ಮುಚ್ಚಿದ ಮನೆಯೊಳಗೆ ಬೆಂಕಿ ಬಿದ್ದರೆ ಹೊರಬರುವ ದಾರಿಯೇ ಇರುವುದಿಲ್ಲ. ಒಳಗಿನಿಂದ ತೆರೆಯಬಹುದಾದ ಒಂದು ಬಾಗಿಲನ್ನು ಆ ಜಾಲರಿಯಲ್ಲಿ ಇರಿಸಿ, ಅದರ ಕೀಲಿಕೈ ಎಲ್ಲಿದೆಯೆಂಬುದನ್ನು ಮಕ್ಕಳಿಗೂ ತಿಳಿಸಿರಬೇಕು.

ಮದುವೆಯ ಒಡವೆಯನ್ನು ಬಾಡಿಗೆ ಮನೆಯ ಬೀರುವಿನಲ್ಲಿ, ಸೀರೆಗಳ ಮಡಿಕೆಯೊಳಗೆ ಇರಿಸುವ ಅಭ್ಯಾಸವನ್ನು ಬಿಡುವುದು ಕ್ಷೇಮಕರ. ಬ್ಯಾಂಕಿನ ಲಾಕರು ಮುರಿದರೆ ಕೇಳುವವರಾರು ಎಂಬ ಶಂಕೆ ಹಿರಿಯರಲ್ಲಿ ಇನ್ನೂ ಇದೆ. ರಿಸರ್ವ್ ಬ್ಯಾಂಕಿನ ಪರಿಷ್ಕೃತ ನಿಯಮಗಳು 2022ರ ಜನವರಿ 1ರಿಂದ ಜಾರಿಯಲ್ಲಿದ್ದು, ಬೆಂಕಿ, ಕಳವು, ದರೋಡೆ, ಕಟ್ಟಡದ ಕುಸಿತ ಅಥವಾ ಸಿಬ್ಬಂದಿಯ ವಂಚನೆಯಿಂದ ನಷ್ಟವಾದರೆ ಲಾಕರಿನ ವಾರ್ಷಿಕ ಬಾಡಿಗೆಯ 100 ಪಟ್ಟಿನವರೆಗೆ ಬ್ಯಾಂಕು ಹೊಣೆಯಾಗುತ್ತದೆ. ಇದು ಒಡವೆಯ ಪೂರ್ಣ ಬೆಲೆಗೆ ಸಮನಾಗದಿರಬಹುದು. ಆದರೂ ಬೀರುವಿನ ಸೀರೆಗಳು ಇಷ್ಟು ಹೊಣೆಯನ್ನೂ ಹೊರುವುದಿಲ್ಲವಷ್ಟೆ. ಒಡವೆಗಳ ತೂಕದ ಚೀಟಿ, ಖರೀದಿಯ ರಸೀದಿ, ಒಂದೊಂದರ ಚಿತ್ರ ಇವುಗಳನ್ನು ಬೇರೆ ಕಡೆ ಇರಿಸಿಕೊಂಡಿದ್ದರೆ, ಕಳೆದುಹೋದ ವಸ್ತು ಮುಂದೆ ಪೊಲೀಸರ ಕೈಗೆ ಸಿಕ್ಕಾಗ ಅದು ತಮ್ಮದೆಂದು ತೋರಿಸಿಕೊಡುವುದು ಸುಲಭವಾಗುತ್ತದೆ.

ಕೇಡು ಸಂಭವಿಸಿದಾಗ ಹೊಸಬರನ್ನು ಕಾಡುವ ಮೊದಲ ಪ್ರಶ್ನೆ ಯಾವ ಠಾಣೆಗೆ ಹೋಗಬೇಕೆಂಬುದು. ಇದಕ್ಕೆ 112 ಎಂಬ ಒಂದೇ ಸಂಖ್ಯೆ ಸಾಕು. ಕರೆಗೆ ಓಡಿಬರುವ ಬೆಂಗಳೂರಿನ ಗಸ್ತು ವಾಹನಗಳ ಹೆಸರು ಹೊಯ್ಸಳ. ಬೇಲೂರು ಹಳೇಬೀಡುಗಳ ಜಿಲ್ಲೆಯಿಂದ ಹೋದವನಿಗೆ, ಗುರುವನ್ನು ಕಾಪಾಡಲು ಮೃಗದೆದುರು ನಿಂತ ಸಳನ ಕಥೆಯನ್ನು ಬಾಲ್ಯದಿಂದ ಕೇಳಿದವನಿಗೆ, ಆ ಹೆಸರೊಂದಾದರೂ ಪರಿಚಿತವಾಗಿ ಕಾಣಬಹುದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮಿನಂತೆ, ಅಪರಾಧವು ಎಲ್ಲಿಯೇ ನಡೆದಿರಲಿ, ಅದರ ಮಾಹಿತಿಯನ್ನು ಯಾವ ಠಾಣೆಯಲ್ಲಿಯಾದರೂ ಕೊಡಬಹುದು. ವಿದ್ಯುನ್ಮಾನ ಮಾರ್ಗದಲ್ಲಿ ಕಳುಹಿಸಿ ಮೂರು ದಿನಗಳೊಳಗೆ ಸಹಿ ಮಾಡಲೂ ಅವಕಾಶವಿದೆ. ದಾಖಲಾದ ಮಾಹಿತಿಯ ಪ್ರತಿಯನ್ನು ದೂರುದಾರನಿಗೆ ಉಚಿತವಾಗಿ ಕೊಡತಕ್ಕದ್ದು. ನಮ್ಮ ಸರಹದ್ದಲ್ಲವೆಂಬ ಉತ್ತರ ಕೇಳಿ ಹಿಂತಿರುಗಬೇಕಾದ ಅಗತ್ಯ ಈಗಿಲ್ಲ. ನಿರ್ಭಯಾ ನಿಧಿಯ ಸೇಫ್ ಸಿಟಿ ಯೋಜನೆಯಿಂದ ಬೆಂಗಳೂರಿನ ಬೀದಿಗಳಲ್ಲಿ 7,000ಕ್ಕೂ ಹೆಚ್ಚು ಕ್ಯಾಮೆರಾಗಳು ಬಂದಿವೆ. ಅವು ಕಳ್ಳನ ಜಾಡು ಹಿಡಿಯಲು ಉಪಕಾರಿಗಳು. ಆದರೆ ಮೂರನೆಯ ಮಹಡಿಯಲ್ಲಿ ಬಾಗಿಲು ಬಡಿದವರು ಯಾರೆಂದು ತಿಳಿಯಬೇಕಾದರೆ ಎದುರು ಮನೆಯವರ ಕಣ್ಣೇ ಬೇಕು.

ಆ ಕಣ್ಣನ್ನು ಸಂಪಾದಿಸುವುದು ಹೊಸಬರ ಮೊದಲ ವಾರದ ಕರ್ತವ್ಯವೆಂದು ನಾನು ದೃಢವಾಗಿ ನಂಬುತ್ತೇನೆ. ಹಾಲು ಉಕ್ಕಿಸಿದ ದಿನವೇ ಮೇಲಿನ, ಕೆಳಗಿನ, ಎದುರಿನ ಮನೆಗಳಿಗೆ ಸಿಹಿ ಕೊಟ್ಟು ಹೆಸರು, ಊರು, ಫೋನ್ ಸಂಖ್ಯೆಗಳನ್ನು ಹೇಳಿಕೊಳ್ಳುವವರಿಗೆ, ಮಾಲೀಕರು ಆಧಾರ್ ಪ್ರತಿ ಕೇಳಿದಾಗ ಅವಮಾನವೆಂದು ತೋರದು. ಬೀದಿಯ ಶಂಕೆಗೆ ಅದೂ ಒಂದು ಸಮಾಧಾನ. ರಾಜ್ಯದ ಪೊಲೀಸ್ ಇಲಾಖೆ 2025ರ ಜುಲೈನಲ್ಲಿ ಆರಂಭಿಸಿದ 'ಮನೆ ಮನೆಗೆ ಪೊಲೀಸ್' ಎಂಬ ಕಾರ್ಯಕ್ರಮದಲ್ಲಿ ಬೀಟಿನ ಸಿಬ್ಬಂದಿ ತಾವಾಗಿಯೇ ಮನೆಗಳಿಗೆ ಬಂದು ನಿವಾಸಿಗಳ ಪರಿಚಯ ಮಾಡಿಕೊಂಡು, ಅವರ ಅಹವಾಲು ಕೇಳಬೇಕೆಂಬ ಏರ್ಪಾಡಿದೆ. ಜಾತಿ ವಂಶಗಳ ಕಟ್ಟಿಲ್ಲದೆ, ಸಂಬಳ ಸಮವಸ್ತ್ರಗಳೊಡನೆ, ತಳವಾರನ ಹಳೆಯ ಧರ್ಮದ ಸಾರಭಾಗವು ಇಲ್ಲಿ ಪುನಃ ಹುಟ್ಟಬಹುದೆಂಬ ಆಸೆ ನನಗಿದೆ. ಅಂಥ ಸಿಬ್ಬಂದಿ ಬಾಗಿಲಿಗೆ ಬಂದಾಗ ಗುರುತಿನ ಚೀಟಿ ನೋಡಿ, ಒಳಗೆ ಕರೆದು, ಊರಿಗೆ ಹೋಗುವ ದಿನಗಳನ್ನು ಅವರಿಗೆ ತಿಳಿಸಿಡುವುದು ಒಳ್ಳೆಯದು.

ಈ ನಡುವೆ ಮಗ್ಗೆಯ ಮನೆಯ ಗತಿಯೇನು? ಮಕ್ಕಳು ಹೊರಟ ಮೇಲೆ ಉಳಿಯುವುದು ಇಬ್ಬರು ವೃದ್ಧರು, ಎಷ್ಟೋ ಕಡೆ ಒಬ್ಬರೇ. ಒಂದು ಮನೆಗೂ ಇನ್ನೊಂದಕ್ಕೂ ನಡುವೆ ತೋಟ, ತೋಟದಲ್ಲಿ ಆನೆ. ಮಗನು ಬೆಂಗಳೂರಿನಲ್ಲಿ ತನ್ನ ಬಾಗಿಲಿಗೆ ಎರಡನೆಯ ಬೀಗ ಹಾಕಿಸಿದ ದಿನವೇ ಇವರ ಬಾಗಿಲ ಅಗಳಿ ಗೆದ್ದಲು ತಿಂದಿದೆಯೇ ಎಂಬುದನ್ನೂ ವಿಚಾರಿಸತಕ್ಕದ್ದು. ಕಾಫಿ ಮಾರಿದ ಹಣವನ್ನು ಮನೆಯಲ್ಲಿರಿಸದಂತೆ ನೋಡಿಕೊಂಡು, ತೋಟದ ರೈಟರ ಮತ್ತು ಹತ್ತಿರದ ಮನೆಯವರ ಫೋನ್ ಸಂಖ್ಯೆಗಳನ್ನು ದಪ್ಪ ಅಕ್ಷರಗಳಲ್ಲಿ ಬರೆದು ಗೋಡೆಗೆ ಅಂಟಿಸಬೇಕು. ಹಿರಿಯ ನಾಗರಿಕರಿಗೆಂದು ದೇಶಕ್ಕೆಲ್ಲ 14567 ಎಂಬ ಸಹಾಯವಾಣಿ ಇದೆ. ಅವರನ್ನು ಬೆಂಗಳೂರಿಗೆ ಕರೆದುಕೊಂಡು ಹೋದರೆ ಅಲ್ಲಿ ನಗರ ಪೊಲೀಸರೂ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟೂ ಸೇರಿ ನಡೆಸುವ 1090 ಇದೆ. ಈ ಸಂಖ್ಯೆಗಳನ್ನು ಕಾಗದದ ಮೇಲೆ ಬರೆದಿಟ್ಟರೆ ಸಾಲದು, ಅವರ ಕೈಯಿಂದಲೇ ಒಮ್ಮೆ ಒತ್ತಿಸಿ ಕಲಿಸಬೇಕು. ಮುಂದಿನ ಹಬ್ಬಕ್ಕೆ ಊರಿಗೆ ಹೋದಾಗ ಮಾಡಬೇಕಾದ ಕೆಲಸಗಳಲ್ಲಿ ಇದನ್ನು ಮೊದಲನೆಯದಾಗಿ ಇರಿಸಿಕೊಳ್ಳಿರೆಂದು, ಊರು ಬಿಟ್ಟ ನಮ್ಮ ಸೀಮೆಯ ಮಕ್ಕಳನ್ನು ನಾನು ಬೇಡುತ್ತೇನೆ.